ಜೋನಿಬೆಲ್ಲ ಹೊತ್ತುಕೊಂಡು ಎಂಗಾಡಿನ್‌ಗೆ: ನನ್ನ ರೆಸಿಡೆನ್ಸಿ ಅನುಭವ

ರೆಸಿಡೆನ್ಸಿ ಅಂದರೆ ಏನು ಅಂತ ಶಿರಸಿಯಲ್ಲಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಒಂದು ಊರಿನವರು ಬೇರೆ ಊರಿನ ಕಲಾವಿದರನ್ನು ಕರೆಸಿಕೊಂಡು, ಉಳಿಯಲು ಕೋಣೆ, ಕೆಲಸಕ್ಕೆ ಸ್ಟುಡಿಯೋ, ಕೈಖರ್ಚಿಗೆ ಒಂದಿಷ್ಟು ದುಡ್ಡು ಕೊಟ್ಟು, ಕೆಲವು ವಾರವೋ ತಿಂಗಳೋ ಅವರ ಪಾಡಿಗೆ ಬಿಡುತ್ತಾರೆ. 'ಸುಮ್ನೆ ಯಾಕೆ ಕೊಡ್ತಾರೆ?' ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಸರಿಯಾದ ಪ್ರಶ್ನೆಯೇ. ಕೆಲವರು ಕೊಡುವುದಿಲ್ಲ, ನಮ್ಮಿಂದಲೇ ಕೇಳುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮಾಡುವುದು ಕಾವಿ ಕಲೆ. ಮಾರಿಕಾಂಬಾ ದೇವಸ್ಥಾನದ ಗೋಡೆ ನೋಡಿದವರಿಗೆ ಗೊತ್ತು, ಬಿಳಿ ಗೋಡೆಯ ಮೇಲೆ ಕೆಂಪು ಚಿತ್ರಗಳು. ದೂರದಿಂದ ಕುಂಚದಲ್ಲಿ ಬರೆದ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಕುಂಚದ ಕೆಲಸ ಕಡಿಮೆ. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಹೊಳೆಮರಳು, ಬೆಲ್ಲದ ನೀರು ಸೇರಿಸಿ, ಕೆಲವು ದಿನ ಹುಳಿಯಲು ಬಿಟ್ಟು, ಕುಟ್ಟಿ ಹದ ಮಾಡಿ ಗೋಡೆಗೆ ಮೆತ್ತುತ್ತೇವೆ. ಅದು ಹಸಿ ಇರುವಾಗಲೇ ಮೇಲೆ ಹುರಮಂಜಿ ಅನ್ನುವ ಕೆಂಪು ಮಣ್ಣಿನ ತೆಳ್ಳಗಿನ ಪದರ. ಆಮೇಲೆ ಚೂಪು ಮೊನೆಯ ಕಂಟದಿಂದ ಕೆಂಪನ್ನು ಕೆರೆಯುತ್ತಾ ಹೋದರೆ ಒಳಗಿನ ಬಿಳಿ ಹೊರಗೆ ಬರುತ್ತದೆ. ಗೋವೆಯಿಂದ ಹಿಡಿದು ನಮ್ಮ ಜಿಲ್ಲೆಯ ಕರಾವಳಿಯವರೆಗೆ ಹಳೇ ದೇವಸ್ಥಾನ, ಮನೆಗಳಲ್ಲಿ ಇದು ಇತ್ತು. ಜೀರ್ಣೋದ್ಧಾರ ಅಂತ ಎಷ್ಟೋ ಕಡೆ ಸಿಮೆಂಟು, ಟೈಲ್ಸು ಬಂದು ಹೋಗಿಬಿಟ್ಟಿತು. ಹೊನ್ನಾವರದ ಕೃಷ್ಣಾನಂದ ಕಾಮತರು ಊರೂರು ತಿರುಗಿ ಬರೆದಿಡದೇ ಇದ್ದಿದ್ದರೆ ನನ್ನಂಥವರಿಗೆ ಇದರ ಹೆಸರು ಸಹ ಗೊತ್ತಾಗುತ್ತಿರಲಿಲ್ಲ.

ಸ್ವಿಟ್ಜರ್‌ಲ್ಯಾಂಡಿನ ಪೂರ್ವಕ್ಕೆ ಎಂಗಾಡಿನ್ ಅಂತ ಒಂದು ಕಣಿವೆ ಇದೆ. ಅಲ್ಲಿ ಗುವಾರ್ದಾ, ಆರ್ದೆಟ್ಸ್ ಅಂತ ಹಳ್ಳಿಗಳು. ಆ ಮನೆಗಳ ಫೋಟೋ ನೋಡಿದಾಗ ನಾನು ಸ್ವಲ್ಪ ಹೊತ್ತು ಫೋನು ಕೆಳಗಿಡಲಿಲ್ಲ. ಕಿಟಕಿ ಸುತ್ತ, ಬಾಗಿಲ ಮೇಲೆ, ಮೂಲೆಗಳಲ್ಲಿ ಕೆರೆದು ಮಾಡಿದ ಹೂವು, ಅಲೆ, ಬಳ್ಳಿ. ಸ್ಗ್ರಾಫಿಟೊ ಅನ್ನುತ್ತಾರೆ. ಇಟಲಿ ಕಡೆಯಿಂದ ಬಂದ ಕೆಲಸ. 1620ರ ದಶಕದ ಯುದ್ಧದಲ್ಲಿ ಈ ಕಣಿವೆಯ ಹಳ್ಳಿಗಳನ್ನು ಸುಟ್ಟಿದ್ದರು, ಮತ್ತೆ ಕಟ್ಟಿದಾಗ ಗೋಡೆಗಳ ಮೇಲೆ ಇದು ತುಂಬಿತು. ನಮ್ಮದಕ್ಕೂ ಅವರದಕ್ಕೂ ಒಂದೇ ಉಪಾಯ, ಎರಡು ಪದರ ಹಾಕಿ ಮೇಲಿನದನ್ನು ಕೆರೆಯುವುದು. ಬಣ್ಣ ಮಾತ್ರ ಬೇರೆ. ಅವರ ಒಳಪದರ ಹೊಳೆಮರಳಿನ ಬೂದು, ಮೇಲೆ ಬಿಳಿ ಸುಣ್ಣ. ಕೆರೆದರೆ ಬೂದು ಕಾಣುತ್ತದೆ. ಇನ್ನೊಂದು ತಮಾಷೆ ಅಂದರೆ, ಸಮುದ್ರ ಎಲ್ಲೋ ಇರುವ ಆ ಬೆಟ್ಟದೂರಿನ ಗೋಡೆಗಳ ಮೇಲೆ ಮತ್ಸ್ಯಕನ್ಯೆಯರು, ಡಾಲ್ಫಿನ್‌ಗಳು!

ಆ ಕಣಿವೆಯ ಒಂದು ರೆಸಿಡೆನ್ಸಿಗೆ ಅರ್ಜಿ ಬರೆಯುವಾಗ ನನಗೆ ಇದೇ ದಾರಿ ಆಯಿತು. ಈಗ ಕಿರಿಯರು ತಮ್ಮ ಅರ್ಜಿ ಓದಿ ಹೇಳಿ ಅಂತ ಕಳಿಸುತ್ತಾರೆ. ಹತ್ತರಲ್ಲಿ ಎಂಟರಲ್ಲಿ ಮೊದಲ ಸಾಲು ಭಾರತದ ಶ್ರೀಮಂತ ಪರಂಪರೆಯ ಬಗ್ಗೆ. ಅದನ್ನು ಓದುವವರ ಮೇಜಿನ ಮೇಲೆ ಅಂಥ ಸಾಲುಗಳು ರಾಶಿ ಬಿದ್ದಿರುತ್ತವೆ, ಅಲ್ವಾ? ನಾನು ಬರೆದದ್ದು ನೇರ ವಿಷಯ: ನನಗೆ ಕೆಂಪಿನ ಕೆಳಗಿನ ಬಿಳಿ ತೆಗೆಯಲು ಬರುತ್ತದೆ, ನಿಮ್ಮಲ್ಲಿ ಬಿಳಿಯ ಕೆಳಗಿನ ಬೂದು ತೆಗೆಯುತ್ತಾರೆ, ಎರಡನ್ನೂ ಒಂದೇ ಹಲಗೆ ಮೇಲೆ ಮಾಡಿ ನೋಡಬೇಕು, ನನಗೆ ಬೇಕಾದ್ದು ಸುಣ್ಣ, ಮರಳು, ಅಲ್ಲಿನ ಒಬ್ಬ ಗಾರೆ ಕೆಲಸದವರ ಒಂದಿಷ್ಟು ಹೊತ್ತು. ಜೊತೆಗೆ ಕೆಲಸದ ಫೋಟೋ. ಮುಗಿದ ಗೋಡೆಯ ಚಂದದ ಫೋಟೋಗಿಂತ, ಅರ್ಧ ಕೆರೆದ ಗೋಡೆ ಮುಂದೆ ಸುಣ್ಣ ಹತ್ತಿದ ಕೈಯ ಫೋಟೋವನ್ನೇ ಅವರು ಜಾಸ್ತಿ ನೋಡಿದ್ದು, ಆಮೇಲೆ ಅವರೇ ಹೇಳಿದರು.

ಈಗ ದುಡ್ಡಿನ ವಿಷಯ. ಅರ್ಜಿ ಕರೆದ ಪ್ರಕಟಣೆ ಓದುವಾಗ ನಾಲ್ಕನ್ನು ಬೇರೆಬೇರೆಯಾಗಿ ನೋಡಿ: ವಿಮಾನದ ಖರ್ಚು, ವಾಸ, ಊಟದ ಭತ್ಯೆ, ಸಾಮಗ್ರಿ ಖರ್ಚು. 'ಪೂರ್ತಿ ಸಹಾಯಧನ' ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ವಿಮಾನ ಹೊರಗಿರುವುದುಂಟು. ನನಗೆ ಒಂದು ಕಡೆಯಿಂದ 'ನೀವು ಆಯ್ಕೆಯಾಗಿದ್ದೀರಿ, ಅಭಿನಂದನೆಗಳು' ಅಂತ ಪತ್ರ ಬಂತು, ಕೆಳಗಿನ ಪುಟದಲ್ಲಿ ತಿಂಗಳಿಗೆ ಕಟ್ಟಬೇಕಾದ ಯೂರೋಗಳ ಲೆಕ್ಕ. ಆ ದುಡ್ಡಿಗೆ ಕುಮಟಾದಲ್ಲಿ ಮನೆ ಬಾಡಿಗೆ ಹಿಡಿದು ವರ್ಷವಿಡೀ ಕೆಲಸ ಮಾಡಬಹುದಿತ್ತು. ಇದು ಮೋಸ ಅಂತ ನಾನು ಹೇಳುವುದಿಲ್ಲ, ಬಾಡಿಗೆ ಸ್ಟುಡಿಯೋ ಅಷ್ಟೇ, ಆದರೆ ಆಯ್ಕೆ ಅನ್ನುವ ಮಾತು ಯಾಕೆ ಬೇಕು? ದುಡ್ಡಿನ ನೆರವಿಗೆ ನಮ್ಮ ಕಡೆಯವರು ನೋಡಬೇಕಾದ ಕೆಲವು ಹೆಸರುಗಳಿವೆ. ಬ್ರಿಟನ್ನಿಗೆ ಹೋಗುವವರಿಗೆ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್, ಸ್ವಿಸ್ ಕಡೆಗೆ ದೆಹಲಿಯಲ್ಲಿ ಕಚೇರಿ ಇರುವ ಪ್ರೋ ಹೆಲ್ವೇಶಿಯಾ, ಚಿಕ್ಕ ವಯಸ್ಸಿನವರಿಗೆ ಇನ್‌ಲಾಕ್ಸ್ ಪ್ರತಿಷ್ಠಾನ. ಬೆಂಗಳೂರಿನ ಶಾಂತಿ ರೋಡ್ ಸ್ಟುಡಿಯೋಗೆ ಸುಮ್ನೆ ಒಂದು ಸಂಜೆ ಹೋಗಿ ಬಂದರೂ ಸಾಕು, ರೆಸಿಡೆನ್ಸಿ ಮುಗಿಸಿ ಬಂದ ಕಲಾವಿದರು ಯಾರಾದರೊಬ್ಬರು ಮಾತಿಗೆ ಸಿಗುತ್ತಾರೆ.

ವೀಸಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬೇಜಾರಿನ ವಿಷಯ. ಸ್ವಿಟ್ಜರ್‌ಲ್ಯಾಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ನಮ್ಮಂಥ ಸಂಬಳ ಇಲ್ಲದವರಿಗೆ ಆದಾಯ ತೆರಿಗೆ ರಿಟರ್ನ್ಸ್ ದೇವರಿದ್ದ ಹಾಗೆ. ಆದಾಯ ಕಡಿಮೆ ಇದ್ದರೂ ವರ್ಷ ವರ್ಷ ಸಲ್ಲಿಸಿಡಿ. ಕರೆದವರ ಪತ್ರದಲ್ಲಿ ಖರ್ಚು ಯಾರದ್ದು, ತಾರೀಖು ಯಾವುದು ಅಂತ ಬಿಡಿಸಿ ಬರೆಸಿಕೊಳ್ಳಿ. ಶಿರಸಿಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಮತ್ತೆ ರಾತ್ರಿ ಬಸ್ಸು. ಅಷ್ಟೇ.

ಸಾಮಾನಿನಲ್ಲಿ ಹುರಮಂಜಿ ಪುಡಿ, ಕಂಟಗಳು, ಕೈವಾರ, ಮತ್ತೆ ಒಂದು ಡಬ್ಬಿ ಜೋನಿಬೆಲ್ಲ. ಕೆಂಪು ಪುಡಿ ನೋಡಿದರೆ ಕೇಳೇ ಕೇಳುತ್ತಾರೆ ಅಂತ 'ಗೋಡೆಗೆ ಹಚ್ಚುವ ಮಣ್ಣಿನ ಬಣ್ಣ' ಎಂದು ಚೀಟಿ ಅಂಟಿಸಿದ್ದೆ. ಜೋನಿಬೆಲ್ಲ ದ್ರವ, ಹಾಗಾಗಿ ಕೈಚೀಲಕ್ಕೆ ಬೇಡ, ದೊಡ್ಡ ಪೆಟ್ಟಿಗೆಗೇ ಹಾಕಬೇಕು. ಮೂರು ಪ್ಲಾಸ್ಟಿಕ್ ಕೊಟ್ಟೆ ಸುತ್ತಿ, ಹಳೇ ಲುಂಗಿಯಲ್ಲಿ ಕಟ್ಟಿ.

ನಾನಿದ್ದದ್ದು ಚಿಕ್ಕ ರೆಸಿಡೆನ್ಸಿ, ಕೊಟ್ಟಿಗೆಯನ್ನೇ ಸ್ಟುಡಿಯೋ ಮಾಡಿದ್ದರು. ಅದೇ ಕಣಿವೆಯಲ್ಲಿ ಸ್ಕುವೋಲ್ ಹತ್ತಿರ ನಾಯರ್ಸ್ ಅಂತ ಇದೆ, ಹೊಳೆ ಪಕ್ಕದ ಹಳೇ ಸ್ನಾನಗೃಹ ಈಗ ಕಲಾಕೇಂದ್ರ, ಅಲ್ಲೂ ಕಲಾವಿದರು ಬಂದು ಉಳಿಯುತ್ತಾರೆ. ಮೊದಲ ವಾರ ನಮ್ಮಲ್ಲಿ ಎಲ್ಲರೂ ತಮ್ಮ ತಮ್ಮ ಕೆಲಸ ಪರದೆ ಮೇಲೆ ತೋರಿಸಿದರು, ವೈನ್ ಕುಡಿದರು, ಬಹಳ ಚೆನ್ನಾಗಿದೆ ಅಂದರು. ಸಾಂಸ್ಕೃತಿಕ ವಿನಿಮಯ ಅಂತ ವರದಿಯಲ್ಲಿ ಬರೆಯುವುದು ಇದನ್ನೇ. ನನ್ನ ಲೆಕ್ಕದಲ್ಲಿ ಅದು ಪರಿಚಯ, ವಿನಿಮಯ ಅಲ್ಲ. ಒಂದೇ ಕೆಲಸದ ಮೇಲೆ ಇಬ್ಬರ ಕೈ ಬೀಳಬೇಕು.

ಅದು ಆದದ್ದು ಆ ಊರಿನ ಗಾರೆ ಕೆಲಸದ ಹಿರಿಯರೊಬ್ಬರ ಜೊತೆ. ಅವರ ಮಾತು ರೊಮಾಂಶ್, ಸ್ವಿಸ್ ದೇಶದ ನಾಲ್ಕು ಭಾಷೆಗಳಲ್ಲಿ ಅತಿ ಚಿಕ್ಕದು. ನನಗೆ ಕನ್ನಡ, ಕೊಂಕಣಿ, ಒಂದಿಷ್ಟು ಇಂಗ್ಲಿಷ್. ಅವರಿಗೆ ಇಂಗ್ಲಿಷ್ ಇಲ್ಲ. ಅವರು ಹಲಗೆ ಮೇಲೆ ಬೂದು ಗಾರೆ ಮೆತ್ತಿ, ಮೇಲೆ ಸುಣ್ಣ ಬಳಿದು, ಕೈವಾರದಿಂದ ಒಂದು ವೃತ್ತ ಎಳೆದರು. ಕೈವಾರದ ಅಗಲ ಬದಲಿಸದೇ ವೃತ್ತದ ಅಂಚಿನಲ್ಲೇ ಹೆಜ್ಜೆ ಹಾಕಿಸುತ್ತಾ ಹೋದರು, ಸರಿಯಾಗಿ ಆರು ಹೆಜ್ಜೆಗೆ ಹೊರಟ ಜಾಗಕ್ಕೇ ಬಂದು ನಿಂತಿತು. ಪ್ರತಿ ಹೆಜ್ಜೆಯಿಂದ ಒಂದು ಕಮಾನು, ಆರು ದಳದ ಹೂವು ಸಿದ್ಧ. ಮೊಳೆಯಿಂದ ದಳದ ಒಳಗೆ ಕೆರೆದರು, ಬೂದು ಬಂತು. ನಾನು ನನ್ನ ಕೈವಾರ ತೆಗೆದು ಪಕ್ಕದ ಹಲಗೆ ಮೇಲೆ ಅದೇ ಆರು ಹೆಜ್ಜೆ ಹಾಕಿದೆ, ಕೆಂಪಿನ ಮೇಲೆ. ಅವರು ಹತ್ತಿರ ಬಂದು ನನ್ನ ಕೈವಾರ ಕಸಿದುಕೊಂಡು ತಿರುಗಿಸಿ ನೋಡಿ, ನಕ್ಕು, ನನ್ನ ಹಲಗೆಯ ಮಿಕ್ಕ ಮೂರು ದಳಗಳನ್ನು ತಾವೇ ಕೆರೆದರು. ಆಮೇಲೆ ನಮಗೆ ದುಭಾಷಿ ಬೇಕು ಅನ್ನಿಸಲಿಲ್ಲ.

ತಕರಾರು ಬಂದದ್ದು ಬೆಲ್ಲದ ವಿಷಯಕ್ಕೆ. ಜೋನಿಬೆಲ್ಲ ಗಾರೆಗೆ ಸುರಿಯಲು ಹೋದಾಗ ಅವರು ನನ್ನ ಕೈ ಹಿಡಿದರು. ಡಬ್ಬಿಗೆ ಬೆರಳು ಅದ್ದಿ ನೆಕ್ಕಿ, ಸಿಹಿ ಅಂತ ಗೊತ್ತಾದ ಮೇಲಂತೂ ಮುಖ ನೋಡಬೇಕಿತ್ತು. ಆದರೆ ಕಾರಣ ಇದೆ. ಸಕ್ಕರೆ ಅಂಶ ಸೇರಿದ ಗಾರೆ ಮಿದುವಾಗಿ ನಡೆಯುತ್ತದೆ, ಬೇಗ ಬಿಗಿಯುವುದಿಲ್ಲ. ನಮ್ಮ ಕರಾವಳಿ ಗಾಳಿಯಲ್ಲಿ ಮೊದಲೇ ತೇವ, ಗೋಡೆ ನಿಧಾನ ಒಣಗುತ್ತದೆ, ಕೆರೆಯಲು ಪುರಸೊತ್ತು ಸಿಗುತ್ತದೆ. ಅಲ್ಲಿ 1,600 ಮೀಟರ್ ಎತ್ತರದ ಒಣಗಾಳಿ, ಬಿಸಿಲು ಬಿದ್ದರೆ ಮೇಲ್ಪದರ ಹಪ್ಪಳವೇ. ಅದಕ್ಕೇ ಅವರು ಗೋಡೆಯನ್ನು ಚಿಕ್ಕ ಚಿಕ್ಕ ಭಾಗ ಮಾಡಿಕೊಂಡು, ಒದ್ದೆ ಬಟ್ಟೆ ಹೊದಿಸಿ, ಆ ದಿನ ಕೆರೆಯುವಷ್ಟೇ ಬಳಿಯುತ್ತಾರೆ. ಚಳಿಗಾಲದಲ್ಲಿ ಕೆಲಸವೇ ಇಲ್ಲ, ಹಸಿ ಗಾರೆಯೊಳಗಿನ ನೀರು ಹೆಪ್ಪುಗಟ್ಟಿದರೆ ಎಲ್ಲ ಉದುರುತ್ತದೆ. ಬೆಲ್ಲ ಹಾಕಿದ ಹಲಗೆ, ಹಾಕದ ಹಲಗೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಮಧ್ಯಾಹ್ನದ ಹೊತ್ತಿಗೆ ಹಾಕದ ಹಲಗೆಯಲ್ಲಿ ಮೊಳೆ ಕಿರ್ ಅನ್ನುತ್ತಿತ್ತು, ಬೆಲ್ಲದ್ದರಲ್ಲಿ ಗೆರೆ ಇನ್ನೂ ಬೆಣ್ಣೆ ಕೊಯ್ದ ಹಾಗೆ ಹೋಗುತ್ತಿತ್ತು. ಮರುದಿನ ಅವರೇ ಡಬ್ಬಿ ಎಲ್ಲಿ ಅಂತ ಸನ್ನೆ ಮಾಡಿದರು. ಅಷ್ಟರಲ್ಲಿ ಅರ್ಧ ಡಬ್ಬಿಯನ್ನು ಉಳಿದ ಕಲಾವಿದರು ಬ್ರೆಡ್ಡಿಗೆ ಹಚ್ಚಿ ಮುಗಿಸಿದ್ದರು. ನಾನು ಕಲಿತುಬಂದದ್ದು ಭಾಗ ಮಾಡಿ ಕೆಲಸ ಮಾಡುವ ಕ್ರಮ, ಈಗ ಮಾರ್ಚ್ ತಿಂಗಳ ಬಿಸಿಲಲ್ಲಿ ಇಲ್ಲೂ ಹಾಗೇ ಮಾಡುತ್ತೇನೆ.

ಸಂಜೆ ಹೊತ್ತು ಅಲ್ಲಿ ಮಾತೆಲ್ಲ ಬಿನಾಲೆಗಳದ್ದು, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನಗಳದ್ದು. 1895ರಿಂದ ನಡೆಯುವ ವೆನಿಸ್ ಬಿನಾಲೆ, ನಮ್ಮ ದೇಶದ್ದು 2012ರಲ್ಲಿ ಶುರುವಾದ ಕೊಚ್ಚಿಯದ್ದು. ಎರಡು ವರ್ಷಕ್ಕೊಮ್ಮೆ ಊರೆಲ್ಲ ಸೇರುವುದಾದರೆ ನಮ್ಮ ಮಾರಿಜಾತ್ರೆಯೂ ಇದೆ, ಅದರ ನಡುವಿನ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತವೂ ಇದೆ, ಒಟ್ಟಿನಲ್ಲಿ ಶಿರಸಿಗೆ ಬಿಡುವಿಲ್ಲ ಅಂದೆ. ಫೋನಿನಲ್ಲಿ ನವಿಲುಗರಿ ಕಟ್ಟಿ ಕುಣಿಯುವ ಬೇಡನನ್ನು ನೋಡಿದ ಪೋರ್ಚುಗಲ್ಲಿನ ಮುದ್ರಣ ಕಲಾವಿದೆ ಅಲ್ಲೇ ತಾರೀಖು ಕೇಳಿದಳು.

ಅವಳು ನಿಜವಾಗಿಯೂ ಬಂದಳು. ನನಗೆ ಈ ಅರ್ಧವೇ ಮುಖ್ಯ, ಹೋಗುವುದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಕರೆಸಿಕೊಳ್ಳುವುದರ ಬಗ್ಗೆ ಯಾರೂ ಬರೆಯುವುದಿಲ್ಲ. ಅಮೆರಿಕದಲ್ಲಿ 1982ರಲ್ಲಿ ಶಿಲ್ಪಿ ಆಂಟನಿ ಕ್ಯಾರೋ, ಕಲಾ ಸಂಗ್ರಾಹಕ ರಾಬರ್ಟ್ ಲೋಡರ್ ಸೇರಿ ಶುರುಮಾಡಿದ ಟ್ರಯಾಂಗಲ್ ಎಂಬ ಕಲಾವಿದರ ಕಾರ್ಯಾಗಾರ, ಅದೇ ದಾರಿಯಲ್ಲಿ 1997ರಲ್ಲಿ ದೆಹಲಿ ಹತ್ತಿರದ ಮೋದಿನಗರದಲ್ಲಿ ನಡೆದ, ಖೋಜ್ ಎಂಬ ಕಲಾವಿದರ ಸಂಸ್ಥೆಯ ಮೊದಲ ಶಿಬಿರ, ಇವುಗಳಲ್ಲಿ ನನಗೆ ಹಿಡಿಸಿದ್ದು ಸ್ಥಳೀಯರು, ಹೊರಗಿನವರು ಒಟ್ಟಿಗೆ ಕೂತು ಕೆಲಸ ಮಾಡುವುದು. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಕುಮಟಾದ ಅಜ್ಜಿಮನೆಯ ಮೇಲುಪ್ಪರಿಗೆ, ಒಂದು ಮೇಜು, ಬಾವಿ. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವ ಹೆಂಗಸರ ಜೊತೆ ಅವಳೂ ಮಂಡಿಯವರೆಗೆ ಕೆಸರಿಗೆ ಇಳಿದಳು. ಅಲ್ಲೊಬ್ಬರು 'ತಮಾ, ನಿನ್ನ ನೆಂಟರಿಗೆ ಇದನ್ನ ತಿನ್ನಲಿಕ್ಕೆ ಕೊಡು, ಚಿಪ್ಪು ನಾವೇ ಇಟ್ಕೊಳ್ತೇವೆ' ಅಂದರು. ಮಾಂಸ ಊಟಕ್ಕೆ, ಚಿಪ್ಪು ಸುಣ್ಣಕ್ಕೆ, ಈ ಲೆಕ್ಕ ಅವಳಿಗೆ ಯಾವ ಸ್ಲೈಡ್‌ನಲ್ಲೂ ಸಿಗುತ್ತಿರಲಿಲ್ಲ. ಅವಳು ನನ್ನ ಹಲಗೆಗಳ ಮೇಲೆ ಕಾಗದ ಒತ್ತಿ ಅಚ್ಚು ತೆಗೆದಳು. ಕೆರೆದ ತಗ್ಗು ಕಾಗದದಲ್ಲಿ ಉಬ್ಬಾಗಿ ಬಂತು. ನನಗೆ ಆ ಉಪಾಯ ಯಾವತ್ತೂ ಹೊಳೆದಿರಲಿಲ್ಲ. ಹಳೇ ಗೋಡೆ ಕೆಡವುವ ಮೊದಲು ದಾಖಲೆ ಮಾಡಲು ಈಗ ಅದನ್ನೇ ಬಳಸುತ್ತಿದ್ದೇನೆ.

ಕರೆಸುವವರಿಗೆ ಎರಡು ಮಾತು. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಸಲ್ಲಿಸಬೇಕು (ಮೊದಲು ಇದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು), ಲಾಡ್ಜಿನವರಿಗೆ ಮಾತ್ರ ಅಂದುಕೊಳ್ಳಬೇಡಿ, ಮನೆಯವರಿಗೂ ಅದೇ ನಿಯಮ. ಆನ್‌ಲೈನ್‌ನಲ್ಲಿ ಆಗುತ್ತದೆ, ಪಾಸ್‌ಪೋರ್ಟ್, ವೀಸಾದ ಪ್ರತಿ ಮೊದಲೇ ತರಿಸಿಕೊಂಡಿರಿ. ಇನ್ನು ಕಾಲ. ಅವರು ತಮ್ಮ ಬೇಸಿಗೆ ರಜೆ ನೋಡಿ ಜುಲೈ ಅಂತ ಕೇಳುತ್ತಾರೆ. ಜುಲೈಯಲ್ಲಿ ನಮ್ಮಲ್ಲಿ ಗಾರೆ ಒಣಗುವುದಿರಲಿ, ಚೀಲದಲ್ಲಿಟ್ಟ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ನವೆಂಬರಿನಿಂದ ಫೆಬ್ರವರಿ ಒಳಗೆ ಬನ್ನಿ ಅಂತ ಮೊದಲ ಪತ್ರದಲ್ಲೇ ಬರೆದುಬಿಡಿ.