ಗೋಡೆಗೆ ಹಚ್ಚಿ ಇಡುವ ಸ್ಪೀಕರ್: 10×12 ಖೋಲಿಯಲ್ಲಿ ನನ್ನ ಅನುಭವ

ನಮ್ಮ ಕಲಬುರಗಿ ಕಡೆ ಮನೆಗಳಲ್ಲಿ ಒಳಗಿನ ಖೋಲಿ ಅಂದರೆ ಹೆಚ್ಚಾಗಿ 10 ಅಡಿ ಅಗಲ, 12 ಅಡಿ ಉದ್ದ. ಮೇಲೆ ಸ್ಲ್ಯಾಬ್, ಕೆಳಗೆ ಶಹಾಬಾದ್ ಫರ್ಶಿ, ಒಂದು ಬದಿಗೆ ಪಲಂಗ, ಇನ್ನೊಂದು ಬದಿಗೆ ತಿಜೋರಿ, ಕಿಟಕಿಗೆ ಕೂಲರ್. ಇಂಥ ಖೋಲಿಯಲ್ಲಿ ಸ್ಪೀಕರನ್ನು ಗೋಡೆಯಿಂದ ಮೂರು ಅಡಿ ಮುಂದೆ ತಂದಿಡಿ ಅನ್ನುವ ಸಲಹೆ ಓದಲಿಕ್ಕೆ ಚೆಂದ, ಪಾಲಿಸಲಿಕ್ಕೆ ಆಗುವುದಿಲ್ಲ. ನಮ್ಮವ್ವ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು: "ಖೋಲಿ ನಟ್ಟ ನಡು ಇಟ್ರ ಅಡ್ಡಾಡೂದು ಹೆಂಗಪಾ? ಗ್ವಾಡಿಗಿ ಹಚ್ಚಿ ಇಡು." ಅವಳ ಮಾತನ್ನೇ ಮೊದಲ ಷರತ್ತಾಗಿ ಇಟ್ಟುಕೊಂಡು ನಾನು ಸ್ಪೀಕರ್ ಹುಡುಕಿದೆ. ಜಾಗ ಮೊದಲು ನಿಶ್ಚಯ, ಆ ಜಾಗಕ್ಕೆ ಒಪ್ಪುವ ಸ್ಪೀಕರ್ ಆಮೇಲೆ. ಸಣ್ಣ ಖೋಲಿಯಲ್ಲಿ ಇದೇ ಸರಿಯಾದ ಕ್ರಮ ಅಂತ ಈಗ ಇನ್ನೂ ಗಟ್ಟಿಯಾಗಿ ನಂಬುತ್ತೇನೆ.

ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ, ವಚನ, ತತ್ವಪದ. ಗಂಡುದನಿ, ತಂಬೂರಿ, ಡಗ್ಗಾ (ತಬಲಾ ಜೋಡಿಯ ಮಂದ್ರದ ಭಾಗ). ಹೀಗಾಗಿ ನನಗೆ 60ರಿಂದ 300 ಹರ್ಟ್ಸ್ ನಡುವಿನ ಪಟ್ಟಿ ಹದವಾಗಿ ಬರಬೇಕು. ಗೋಡೆ ಕೈಯಾಡಿಸುವುದೂ ಸರಿಯಾಗಿ ಅಲ್ಲಿಯೇ.

ಮೇಲಿನ ಸ್ವರಗಳು ಸ್ಪೀಕರಿನಿಂದ ಮುಂದಕ್ಕೆ ಹೋಗುತ್ತವೆ. ಬೇಸ್ ಹಾಗಲ್ಲ, ಸ್ಪೀಕರಿನ ಡಬ್ಬಿಯನ್ನು ಸುತ್ತಿಕೊಂಡು ಹಿಂದಕ್ಕೂ ಹೋಗುತ್ತದೆ. ಹಿಂದೆ ಗೋಡೆ ಇದ್ದರೆ ಅದು ತಿರುಗಿ ಬಂದು ಮುಂದಿನ ದನಿಯನ್ನು ಕೂಡಿಕೊಳ್ಳುತ್ತದೆ. ತೀರಾ ಮಂದ್ರದಲ್ಲಿ ಎರಡೂ ಕೂಡಿ ಹೆಚ್ಚೆಂದರೆ 6 ಡೆಸಿಬಲ್ ಏರುತ್ತದೆ. ಮೂಲೆಯಲ್ಲಿಟ್ಟರೆ ಎರಡನೇ ಗೋಡೆಯದೂ ಸೇರುತ್ತದೆ. ಬೇಸ್ ಏರುವ ಈ ಸಂಗತಿ ಎಲ್ಲರಿಗೂ ಗೊತ್ತು. ನನ್ನ ತೀರ್ಮಾನಕ್ಕೆ ಕಾರಣವಾದದ್ದು ಇದರ ಇನ್ನೊಂದು ಮಗ್ಗಲು: ಗೋಡೆಯಿಂದ ಬಂದ ದನಿ ಒಂದು ನಿರ್ದಿಷ್ಟ ಸ್ವರದಲ್ಲಿ ಕೂಡುವ ಬದಲು ಕಳೆಯುತ್ತದೆ. ಸ್ಪೀಕರಿನ ಮುಖದಿಂದ ಗೋಡೆಗಿರುವ ದೂರ ಯಾವ ಸ್ವರದ ಅಲೆಯುದ್ದದ ಕಾಲುಭಾಗವೋ, ಆ ಸ್ವರ ಸೊರಗುತ್ತದೆ.

ಇದನ್ನು ಹಾಡಿಗೆ ಹಚ್ಚಿ ನೋಡಿದರೆ ಪೂರ್ತಿ ಅರ್ಥವಾಗುತ್ತದೆ. ಗಾಯಕರು ಕಾಳಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹಾಡುತ್ತಿದ್ದಾರೆ ಅಂದುಕೊಳ್ಳಿ. ಅವರ ಷಡ್ಜ ಸುಮಾರು 139 ಹರ್ಟ್ಸ್. ನಮ್ಮ ಊರಿನ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್ ಅಂತ ಹಿಡಿದರೆ, ಆ ಷಡ್ಜದ ಅಲೆಯ ಕಾಲುಭಾಗ 63 ಸೆಂಟಿಮೀಟರ್. ಅಂದರೆ ಎರಡು ಅಡಿಗಿಂತ ಕೂದಲೆಳೆ ಹೆಚ್ಚು. "ಗೋಡೆಯಿಂದ ಎರಡಡಿ ಬಿಡಿ ಸಾಕು" ಅಂತ ನಮ್ಮಲ್ಲಿ ಎಲ್ಲರೂ ಹೇಳುವ ಆ ಜಾಗ ಗಾಯಕರ ಷಡ್ಜವನ್ನೇ ನುಂಗುತ್ತದೆ. ಮಂದ್ರ ಉಳಿಯುತ್ತದೆ, ಮೇಲಿನದೂ ಉಳಿಯುತ್ತದೆ, ನಡುವೆ ದನಿಯ ಎದೆ ಮಾತ್ರ ಟೊಳ್ಳು. ಇನ್ನೂ ಮುಂದೆ ತಂದರೆ ಆ ತಗ್ಗು ಕೆಳಗಿಳಿಯುತ್ತದೆ: ಮೂರಡಿಗೆ ಸುಮಾರು 96 ಹರ್ಟ್ಸ್. ಅಲ್ಲಿ ಡಗ್ಗಾದ ತೂಕ ಹೋಗುತ್ತದೆ.

ಗೋಡೆಗೆ ಹತ್ತಿರ ಸರಿಸಿದರೆ ಅದೇ ತಗ್ಗು ಮೇಲೇರುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ 30 ಸೆಂಟಿಮೀಟರ್ ಇದ್ದಾಗ ಅದು ಸುಮಾರು 290 ಹರ್ಟ್ಸಿಗೆ ಬರುತ್ತದೆ. ಅಷ್ಟು ಮೇಲೆ ಬಂದರೆ ಮೂರಿಂಚು ದಪ್ಪದ ಹತ್ತಿ ಅಥವಾ ರಾಕ್‌ವೂಲ್ ಪ್ಯಾನೆಲ್ ಆ ತಗ್ಗನ್ನು ಬಹಳ ಮಟ್ಟಿಗೆ ತಡೆಯುತ್ತದೆ. 96 ಹರ್ಟ್ಸನ್ನು ತಡೆಯಲು ಖೋಲಿಯ ಕಾಲುಭಾಗ ತುಂಬಬೇಕಾದೀತು. ಆದ್ದರಿಂದ ಸಣ್ಣ ಖೋಲಿಯಲ್ಲಿ ಪೂರ್ತಿ ಹತ್ತಿರ ಇಡಬೇಕು. ಅರ್ಧ ಹತ್ತಿರ, ಅರ್ಧ ದೂರ ಅನ್ನುವ ಜಾಗವೇ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನು ಆಯ್ಕೆ. ಗೋಡೆ ತಾನೇ ಬೇಸ್ ಕೊಡುತ್ತದೆ ಅಂದಮೇಲೆ ಸ್ಪೀಕರಿನಲ್ಲಿ ಆ ಬೇಸ್ ಮೊದಲೇ ತುಂಬಿರಬಾರದು. ಬಹುಪಾಲು ಬುಕ್‌ಶೆಲ್ಫ್ ಸ್ಪೀಕರ್‌ಗಳನ್ನು ಗೋಡೆಯಿಂದ ದೂರ ಇಡುತ್ತಾರೆಂದೇ ಲೆಕ್ಕ ಹಾಕಿ ತಯಾರಿಸುತ್ತಾರೆ. ಹಿಂದಕ್ಕೆ ಸೋರಿ ಹೋಗುವ ಬೇಸನ್ನು ಕ್ರಾಸ್‌ಓವರಿನಲ್ಲಿ, ಅಂದರೆ ಮೇಲಿನ, ಕೆಳಗಿನ ಸ್ವರಗಳನ್ನು ಹಂಚುವ ಒಳಗಿನ ಸರ್ಕ್ಯೂಟಿನಲ್ಲಿ, ಮೊದಲೇ ತುಂಬಿಕೊಟ್ಟಿರುತ್ತಾರೆ. ಅಂಥದನ್ನು ಗೋಡೆಗೆ ಹಚ್ಚಿದರೆ ಒಂದೇ ಕೊರತೆಯನ್ನು ಎರಡು ಸಲ ತುಂಬಿದಂತೆ. ಗಂಡುದನಿ ಹಂಡೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅಂಗಡಿಯ ದೊಡ್ಡ ಹಾಲಿನಲ್ಲಿ ಕೇಳಿ ಕೊಳ್ಳುವವರು ಇದನ್ನು ನೆನಪಿಡಬೇಕು. ಅಲ್ಲಿ ತುಂಬು ದನಿ ಅನ್ನಿಸಿದ್ದು ನಮ್ಮ ಖೋಲಿಯಲ್ಲಿ ಗುಂಯ್‌ಗುಡುತ್ತದೆ, ಅಲ್ಲಿ ತುಸು ತೆಳುವಾಗಿ ಕೇಳಿದ್ದು ಇಲ್ಲಿ ಹದಕ್ಕೆ ಬರುತ್ತದೆ. ಹೈದರಾಬಾದಿನಲ್ಲಿ ಕೇಳಲು ಹೋದಾಗ ನಾನು ಅಂಗಡಿಯವರಿಗೆ ಕೇಳಿಕೊಂಡದ್ದು ಒಂದೇ: ಅದನ್ನು ಅಲ್ಲೇ ಗೋಡೆಗೆ ಒತ್ತಿ ಇಟ್ಟು ಕೇಳಿಸಿರಿ. ಅವರು ಇಟ್ಟು ಕೇಳಿಸಿದರು. ಎರಡು 6.5 ಇಂಚಿನ ವೂಫರ್ (ಬೇಸ್ ನುಡಿಸುವ ಕೋನ್) ಇದ್ದ ಟವರ್, ಅಂದರೆ ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್, ಅಲ್ಲಿಗೇ ಪಟ್ಟಿಯಿಂದ ಹೊರಗೆ ಹೋಯಿತು.

ಪೋರ್ಟಿನ (ಬೇಸ್ ಹೆಚ್ಚಿಸಲು ಡಬ್ಬಿಗೆ ಇಡುವ ಗಾಳಿಯ ತೂತು) ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಹಳ ಬೇರೂರಿದೆ: ಮುಂದೆ ಪೋರ್ಟ್ ಇದ್ದರೆ ಗೋಡೆಗೆ ಹಚ್ಚಬಹುದು, ಹಿಂದೆ ಇದ್ದರೆ ಹಚ್ಚಬಾರದು ಅಂತ. ಪೋರ್ಟ್ ಕೆಲಸ ಮಾಡುವುದು 50 ಹರ್ಟ್ಸಿನ ಆಸುಪಾಸಿನಲ್ಲಿ. ಅಲ್ಲಿ ಅಲೆಯ ಉದ್ದ 7 ಮೀಟರ್. ಅಷ್ಟು ಉದ್ದದ ಅಲೆಗೆ ಹಿಂದು ಮುಂದು ಅನ್ನುವುದಿಲ್ಲ. ಮುಂದಿನ ಪೋರ್ಟಿನ ಬೇಸಿಗೂ ಗೋಡೆ ಅಷ್ಟೇ ಬಲ ಕೊಡುತ್ತದೆ. ಹಿಂದಿನ ಪೋರ್ಟಿಗೆ ಬೇಕಾದದ್ದು ಗಾಳಿ ಆಡಲು ಜಾಗ ಮಾತ್ರ, ಪೋರ್ಟಿನ ಬಾಯಿಗಿಂತ ಒಂದಿಷ್ಟು ಹೆಚ್ಚು ಅಂತರ ಬಿಟ್ಟರೆ ಸಾಕು. ನಿಜವಾಗಿ ನೋಡಬೇಕಾದದ್ದು ಬೇಸನ್ನು ಇಳಿಸಲು ಬರುತ್ತದೆಯೇ ಅನ್ನುವುದನ್ನು. ಪೋರ್ಟ್ ಇಲ್ಲದ ಮುಚ್ಚಿದ ಡಬ್ಬಿಯಲ್ಲಿ ಬೇಸ್ ಒಂದು ಸಪ್ತಕಕ್ಕೆ (ಆಕ್ಟೇವಿಗೆ) 12 ಡೆಸಿಬಲ್‌ನಂತೆ ನಿಧಾನ ಇಳಿಯುತ್ತದೆ, ಗೋಡೆ ಕೊಡುವ ಏರಿಕೆಗೆ ಅದು ಸಹಜವಾಗಿ ಹೊಂದುತ್ತದೆ. ಪೋರ್ಟ್ ಇದ್ದರೆ 24ರಂತೆ ಕಡಿದಾಗಿ ಬೀಳುತ್ತದೆ. ಕೆಲವು ಕಂಪನಿಗಳು ಪೋರ್ಟಿಗೆ ತುರುಕಲು ಫೋಮ್ ಬಿರಡೆಯನ್ನೂ ಕೊಡುತ್ತವೆ. ಅದರಿಂದ ಡಬ್ಬಿ ಹೆಚ್ಚು ಕಡಿಮೆ ಮುಚ್ಚಿದ ಡಬ್ಬಿಯೇ ಆಗುತ್ತದೆ.

ಗೋಡೆಯನ್ನೇ ನೆಚ್ಚಿ ಕಟ್ಟಿದ ಸ್ಪೀಕರ್‌ಗಳ ಪರಂಪರೆಯೂ ದೊಡ್ಡದು. ಪಾಲ್ ಕ್ಲಿಪ್ಶ್ 1946ರಲ್ಲಿ ತಂದ ಕ್ಲಿಪ್ಶ್‌ಹಾರ್ನ್ ಮೂಲೆಯ ಎರಡು ಗೋಡೆಗಳನ್ನೇ ಹಾರ್ನಿನ ಮುಂದುವರಿಕೆಯಾಗಿ ಬಳಸುತ್ತದೆ. ರಾಯ್ ಆಲಿಸನ್ 1970ರ ದಶಕದಲ್ಲಿ ಈ ಗೋಡೆಯ ಲೆಕ್ಕವನ್ನೇ ಅಳೆದು ಬರೆದು, ಅದರಂತೆ ಗೋಡೆಗೆ ಹಚ್ಚುವ ಸ್ಪೀಕರ್ ಮಾಡಿದರು. ಪೀಟರ್ ಸ್ನೆಲ್ ಅವರ ವಿನ್ಯಾಸದಿಂದ ಬಂದ ಆಡಿಯೋ ನೋಟ್ ಎಎನ್-ಇ ಇವತ್ತಿಗೂ ಮೂಲೆಗೆಂದೇ ಬರುತ್ತದೆ. ಅವುಗಳ ಬೆಲೆ ನನ್ನ ಕೈಗೆ ಎಟುಕುವುದಲ್ಲ. ನಮ್ಮಂಥವರಿಗೆ ದಾರಿ ತೋರಿಸುವುದು ಸ್ಟುಡಿಯೋದವರು ಬಳಸುವ ಸಣ್ಣ ಆಕ್ಟಿವ್ ಮಾನಿಟರ್ (ಆ್ಯಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್). ಮೇಜಿನ ಹಿಂದೆ, ಗೋಡೆಯ ಪಕ್ಕ ಇಡುತ್ತಾರೆಂದು ಗೊತ್ತಿದ್ದೇ ಹಿಂದೆ ಸ್ವಿಚ್ ಕೊಟ್ಟಿರುತ್ತಾರೆ. ಜೆಬಿಎಲ್ 305ಪಿ ಮಾರ್ಕ್ 2ರಲ್ಲಿ ಗೋಡೆಯಿಂದ ಏರಿದ ಬೇಸನ್ನು ಇಳಿಸುವ ಬೌಂಡರಿ ಇಕ್ಯೂ ಇದೆ. ಯಮಹಾ ಎಚ್‌ಎಸ್5ರಲ್ಲಿ ರೂಮ್ ಕಂಟ್ರೋಲ್ ಅಂತ 500 ಹರ್ಟ್ಸಿನ ಕೆಳಗೆ 2 ಅಥವಾ 4 ಡೆಸಿಬಲ್ ಇಳಿಸುವ ಸ್ವಿಚ್ ಇದೆ. ನಾನು ತಂದದ್ದು ಎಚ್‌ಎಸ್5. ಐದಿಂಚಿನ ವೂಫರ್, ಹಿಂದೆ ಪೋರ್ಟ್, ಡಬ್ಬಿಯ ಆಳ 22 ಸೆಂಟಿಮೀಟರ್.

ಗೋಡೆಯಿಂದ ನಾಲ್ಕು ಬೆರಳಿಗಿಂತ ತುಸು ಹೆಚ್ಚು ಬಿಟ್ಟು ಇಟ್ಟೆ. ಮುಖ 30 ಸೆಂಟಿಮೀಟರಿಗೆ ಬಂತು. ಎರಡರ ಹಿಂದೆ ಗೋಡೆಗೆ ಪ್ಯಾನೆಲ್ ಬೇಕಿತ್ತು. ಗಾದಿ ಹೊಲಿಯುವವರ ಹತ್ತಿರ ಹೋಗಿ, ಮೂರಿಂಚು ದಪ್ಪ, ಮೂರಡಿ ಎತ್ತರದ ಕಟ್ಟಿಗೆ ಚೌಕಟ್ಟಿನಲ್ಲಿ ಹತ್ತಿ ತುಂಬಿಸಿ ಮೇಲೆ ಖಾದಿ ಬಟ್ಟೆ ಹೊಲಿಸಿದೆ. ಅವರು ರೆಕ್ಸಿನ್ ಹಾಕೋಣ, ಧೂಳು ಕೂಡುವುದಿಲ್ಲ ಅಂದರು. ಬೇಡ ಅಂದೆ, ದನಿ ಒಳಗೆ ಹೋಗಬೇಕಾದರೆ ಬಟ್ಟೆಯೊಳಗಿಂದ ಉಸಿರು ಆಡಬೇಕು. ಪೋರ್ಟಿನ ನೇರಕ್ಕೆ ಮಾತ್ರ ಹತ್ತಿ ತೆಗೆಸಿ ಬಾಯಿ ಬಿಡಿಸಿದೆ. ಗೋಡೆಗೆ ಬರೇ ಕೌದಿ ತೂಗುಹಾಕಿದರೆ ಆಗುತ್ತದೆಯೇ ಅಂತ ಕೇಳುವವರಿದ್ದಾರೆ. ಕೌದಿ ಮೇಲಿನ ಸ್ವರ ಹೀರುತ್ತದೆ, 290 ಹರ್ಟ್ಸಿಗೆ ಅದರಿಂದ ಏನೂ ಆಗುವುದಿಲ್ಲ.

ಎಡಗಡೆಯದು ಮೂಲೆಗೆ ಬಿತ್ತು, ಬಲಗಡೆಯದು ಬಾಗಿಲ ಪಕ್ಕ. ಬಾಗಿಲು ತೆರೆದಿದ್ದರೆ ಬೇಸ್ ಹೊರಗೆ ಹೋಗುತ್ತದೆ, ಮೂಲೆಯಲ್ಲಿ ತುಂಬಿಕೊಳ್ಳುತ್ತದೆ. ಹೀಗಾಗಿ ಎಡದ ಸ್ವಿಚ್ 4ಕ್ಕೆ, ಬಲದ್ದು 2ಕ್ಕೆ. ಎರಡಕ್ಕೂ ಒಂದೇ ಸೆಟ್ಟಿಂಗ್ ಇರಬೇಕು ಅನ್ನುವ ನಿಯಮ ಇಂಥ ಖೋಲಿಗಲ್ಲ. ತಂಬೂರಿ ನಡುವಿನಲ್ಲಿ ನಿಂತಿತು, ಅದೇ ಪ್ರಮಾಣ. ಮೂಲೆಯ ಸ್ಪೀಕರಿಗೆ ಇನ್ನೊಂದು ಎಚ್ಚರಿಕೆ: ಹಿಂದಿನ ಗೋಡೆ, ಬದಿಯ ಗೋಡೆ, ಫರ್ಶಿ, ಮೂರಕ್ಕೂ ಸಮ ದೂರ ಬರಬಾರದು. ಸಮ ಬಂದರೆ ಮೂರು ತಗ್ಗುಗಳೂ ಒಂದೇ ಸ್ವರದ ಮೇಲೆ ಬೀಳುತ್ತವೆ. ನನ್ನದು ಹಿಂದೆ 30, ಬದಿಗೆ 50, ಕೆಳಗೆ 95 ಸೆಂಟಿಮೀಟರ್.

ಆಮೇಲೆ ಮೊಬೈಲಿನ ಟೋನ್ ಆ್ಯಪಿನಿಂದ 30 ಹರ್ಟ್ಸಿನಿಂದ ಮೇಲಕ್ಕೆ ನಿಧಾನ ಏರಿಸುತ್ತ ಕೂತೆ. 57ಕ್ಕೆ ಬಂದಾಗ ತಿಜೋರಿಯ ಹಿಡಿಕೆ ಗಿರ್ ಅಂತ ನಡುಗಿತು, ಒಳಗಿನ ಬಳೆ ಡಬ್ಬಿಯೂ ಜೊತೆಗೂಡಿತು. 60 ದಾಟಿದ ಮೇಲೆ ಎರಡೂ ಸುಮ್ಮನಾದವು. ಲೆಕ್ಕ ಸರಳ: ಹತ್ತಡಿ ಅಗಲದ ಖೋಲಿಯ ಅನುರಣನ, ಅಂದರೆ ಖೋಲಿ ತಾನೇ ಗುಂಯ್‌ಗುಡುವ ಸ್ವರ, 57 ಹರ್ಟ್ಸ್. ನಮ್ಮ ಸ್ಲ್ಯಾಬಿನ ಎತ್ತರವೂ ಹತ್ತಡಿ, ಎರಡೂ ಒಂದರ ಮೇಲೊಂದು ಕೂತಿವೆ. ಉದ್ದದ್ದು 48ಕ್ಕೆ ಬೇರೆ. ಮನೆ ಕಟ್ಟಿಸುವವರು ಅಗಲ, ಎತ್ತರ ಒಂದೇ ಅಳತೆ ಬರದಂತೆ ಒಂದಡಿ ಹೆಚ್ಚು ಕಡಿಮೆ ಮಾಡಿಸಿದರೆ ಖರ್ಚಿಲ್ಲದೆ ಬಹಳ ಲಾಭ. ಕಟ್ಟಿದ ಮೇಲೆ ಉಳಿಯುವುದು ಇಕ್ವಲೈಜರ್. ಕಂಪ್ಯೂಟರಿನಲ್ಲಿ ಇಕ್ವಲೈಜರ್ ಎಪಿಒ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ 57ರ ಹತ್ತಿರ ಸಣ್ಣ ಅಗಲದಲ್ಲಿ 6 ಡೆಸಿಬಲ್ ಇಳಿಸಿದೆ. ಉಬ್ಬನ್ನು ಹೀಗೆ ಇಳಿಸಬಹುದು; ಗೋಡೆ ನುಂಗಿದ ತಗ್ಗನ್ನು ಇಕ್ವಲೈಜರಿನಿಂದ ತುಂಬಲು ಹೋಗಬೇಡಿ, ಎಷ್ಟು ಸುರಿದರೂ ಗೋಡೆ ಅಷ್ಟನ್ನೂ ಕಳೆಯುತ್ತದೆ.

ಕೇಳಲು ಕೂಡುವ ಜಾಗ ಖೋಲಿಯ ನಟ್ಟ ನಡು ಬೇಡ, ಹಿಂದಿನ ಗೋಡೆಗೂ ಬೇಡ. ಹನ್ನೆರಡಡಿಯಲ್ಲಿ ಸ್ಪೀಕರ್ ಕಡೆಯ ಗೋಡೆಯಿಂದ ಏಳು, ಏಳೂವರೆ ಅಡಿ. ಬೇಸಿಗೆಯಲ್ಲಿ ಕೂಲರ್ ನಡೆದಾಗ ಅದರ ಗುಂಯ್ ಸದ್ದು ಮಂದ್ರವನ್ನು ಮುಚ್ಚುತ್ತದೆ, ಕೈ ತಾನಾಗಿಯೇ ಬೇಸ್ ಏರಿಸಲು ಹೋಗುತ್ತದೆ. ಏನೇ ತಿದ್ದುವುದಿದ್ದರೂ ಕೂಲರ್ ಆರಿಸಿ ತಿದ್ದಿ. ಅದರ ಹಸಿಗಾಳಿ ನೇರ ಸ್ಪೀಕರಿಗೆ ಬೀಳದಂತೆಯೂ ನೋಡಿಕೊಳ್ಳಿ.

ಇಷ್ಟು ಸಣ್ಣ ವೂಫರಿಗೆ ಸಬ್‌ವೂಫರ್ ಬೇಡವೇ ಅಂತ ಗೆಳೆಯರು ಕೇಳುತ್ತಾರೆ. ಕಾಳಿ ಒಂದರ ತಂಬೂರಿಯ ಖರ್ಜ, ಅಂದರೆ ಮಂದ್ರ ಷಡ್ಜದ ತಂತಿ, 69 ಹರ್ಟ್ಸ್. ಬಯಲಲ್ಲಿಟ್ಟರೆ ಎಚ್‌ಎಸ್5ಕ್ಕೆ ಅಷ್ಟು ಕೆಳಗೆ ತ್ರಾಣ ಸಾಲದು, ಗೋಡೆಯ ಬಲ ಸೇರಿದ ಮೇಲೆ ಖರ್ಜ ತುಂಬಿ ಬರುತ್ತದೆ. ಗಾಯನ ಕೇಳುವವರಿಗೆ ಇಷ್ಟು ಸಾಕು. ಸಿನಿಮಾ ನೋಡುವವರಿದ್ದರೆ ಪೋರ್ಟ್ ಇಲ್ಲದ ಎಂಟಿಂಚಿನ ಒಂದು ಸಬ್ ತಂದು, ಅದನ್ನು ಮೂಲೆಯಲ್ಲಿ ಇಡುವ ಮೊದಲು ತಿಜೋರಿಯ ಹಿಡಿಕೆಗೆ ಒಂದು ತುಂಡು ಫೆಲ್ಟ್ ಅಂಟಿಸಿ.