ದ್ರಾಕ್ಷಿ ಬಾಕ್ಸ್‌ಗೆ ಅಕ್ಷರ ಬರೆಯಲು ನಾನೇ ಮಾಡಿಕೊಂಡ ಬ್ರಷ್

ಡ್ರಾಯಿಂಗ್ ಸಾಫ್ಟ್‌ವೇರ್‌ಗಳಲ್ಲಿ ರೆಡಿಯಾಗಿ ಸಿಗುವ ಕ್ಯಾಲಿಗ್ರಫಿ ಬ್ರಷ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಕ್ಕೆ ಹೊಂದುವಂಥವು. ತುದಿ ಚಪ್ಪಟೆ, ಕೋನ ಒಂದೇ. ಸಾಮಾನ್ಯವಾಗಿ 45 ಡಿಗ್ರಿಗೆ ನಿಂತುಬಿಟ್ಟಿರುತ್ತದೆ. ನೆಟ್ಟಗಿನ ಗೀಟುಗಳಿಗೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಬ್ರಷ್‌ನಲ್ಲಿ ಒಂದು 'ದ' ಬರೆದು ನೋಡಿ. ಸುತ್ತಿನ ಒಂದು ಕಡೆ ದಪ್ಪ ಉಬ್ಬು, ಇನ್ನೊಂದು ಕಡೆ ಕೂದಲೆಳೆ. ನಮ್ಮ ಅಕ್ಷರಗಳಲ್ಲಿ ಸುತ್ತೇ ಜಾಸ್ತಿ ಅಲ್ವಾ? ಹಾಗಾಗಿ ಕನ್ನಡ ಬರೆಯುವ ಬ್ರಷ್ ಸುತ್ತಿನ ಜೊತೆ ತಿರುಗಬೇಕು. ನಾನು ಬ್ರಷ್ ಮಾಡಿಕೊಂಡಿದ್ದೆಲ್ಲ ಈ ಒಂದು ಮಾತಿನ ಮೇಲೆ.

ಇದನ್ನು ನನಗೆ ಹೇಳಿಕೊಟ್ಟವರು ಚಿಕ್ಕಬಳ್ಳಾಪುರದಲ್ಲಿ ಬೋರ್ಡ್ ಬರೆಯುವ ಒಬ್ಬ ಹಿರಿಯರು. ನಾವೆಲ್ಲ ಪೇಂಟರ್ ಅಣ್ಣ ಅಂತಲೇ ಕರೆಯುತ್ತೇವೆ. ಫ್ಲೆಕ್ಸ್ ಬಂದಮೇಲೆ ಅವರಿಗೆ ಕೆಲಸ ಕಡಿಮೆಯಾಗಿದೆ. ಆದರೂ ಗೋಡೆ ಮೇಲೆ ಬರೆಯಲು, ಗಾಡಿಗಳಿಗೆ ಹೆಸರು ಹಾಕಲು ಈಗಲೂ ಕರೆಯುತ್ತಾರೆ. ಅವರು ದಾರಕ್ಕೆ ಸೀಮೆಸುಣ್ಣ ಹಚ್ಚಿ, ಎಳೆದು ಬಿಟ್ಟು ಗೆರೆ ಹೊಡೆಯುತ್ತಾರೆ. ಆಮೇಲೆ ಫ್ಲಾಟ್ ಬ್ರಷ್ ಹಿಡಿದು ಶುರು. ನಾನು ನೋಡುತ್ತಿದ್ದದ್ದು ಅವರ ಬೆರಳುಗಳನ್ನು. ಸುತ್ತು ಬಂದ ಕೂಡಲೇ ಬ್ರಷ್ಷಿನ ಹಿಡಿ ಹೆಬ್ಬೆರಳು ತೋರುಬೆರಳಿನ ನಡುವೆ ಉರುಳುತ್ತದೆ. "ಕೈ ತಿರುಗಿಸಬಾರದಮ್ಮ, ಬ್ರಷ್ ತಿರುಗಬೇಕು. ಅವಾಗ ಗೀಟು ಎಲ್ಲಾ ಕಡೆ ಒಂದೇ ದಪ್ಪ ಬರ್ತದೆ" ಅಂದರು.

ನಾನು ಮನೆಯಲ್ಲೇ ಕುಳಿತು ಲೇಬಲ್, ಬೋರ್ಡ್ ಡಿಸೈನ್ ಮಾಡುತ್ತೇನೆ. ನಂದಿ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ತಮ್ಮ ಬಾಕ್ಸ್ ಮೇಲೆ ದೊಡ್ಡದಾಗಿ 'ದ್ರಾಕ್ಷಿ' ಎಂದು ಬರಬೇಕು, "ಕಂಪ್ಯೂಟರ್ ಅಕ್ಷರ ಬೇಡ, ಗೋಡೆ ಮೇಲೆ ಬರೆದಂಗೆ ಇರ್ಲಿ" ಎಂದಿದ್ದರು. ನಮ್ಮ ಕಡೆ ಬೆಂಗಳೂರು ಬ್ಲೂ, ದಿಲ್‌ಖುಷ್ ಎರಡೂ ತಳಿಯ ದ್ರಾಕ್ಷಿ ಬೆಳೆಯುತ್ತಾರೆ. ಮಂಡಿಯಲ್ಲಿ ಬಾಕ್ಸ್‌ಗಳ ರಾಶಿ. ಆ ರಾಶಿಯಲ್ಲಿ ನಮ್ಮದು ಯಾವುದು ಅಂತ ದೂರದಿಂದಲೇ ಗೊತ್ತಾಗಬೇಕು.

ನಾನು ಬಳಸುವುದು ಕ್ರಿಟಾ. ದುಡ್ಡು ಕೊಡಬೇಕಿಲ್ಲ, ಬ್ರಷ್‌ನ ಒಳಗೆ ಕೈ ಹಾಕಲು ಅಷ್ಟು ಅನುಕೂಲ ಇರುವ ಸಾಫ್ಟ್‌ವೇರ್ ಕಡಿಮೆ. ಜೊತೆಗೆ ಒಂದು ಚಿಕ್ಕ ಪೆನ್ ಟ್ಯಾಬ್ಲೆಟ್.

ಮೊದಲು ಬ್ರಷ್‌ನ ತುದಿ. ಪೇಂಟರ್ ಅಣ್ಣನ ಹಳೆಯ ಫ್ಲಾಟ್ ಬ್ರಷ್ ಕೇಳಿ ತಂದೆ. ಕೂದಲು ಸ್ವಲ್ಪ ಸವೆದಿದ್ದ ಬ್ರಷ್, ಅದೇ ಬೇಕಿತ್ತು. ಕಪ್ಪು ಪೋಸ್ಟರ್ ಕಲರ್‌ನಲ್ಲಿ ಅದ್ದಿ, ಜಾಸ್ತಿಯಾದ ಬಣ್ಣ ಒರೆಸಿ, ಡ್ರಾಯಿಂಗ್ ಶೀಟ್ ಮೇಲೆ ಸುಮ್ನೆ ಒತ್ತುತ್ತಾ ಹೋದೆ. ಎಳೆಯಬಾರದು, ಒತ್ತಿ ಎತ್ತಬೇಕು. ಒಣಗಿದ ಮೇಲೆ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್. ಕೂದಲಿನ ಸಾಲು ಚೆನ್ನಾಗಿ ಕಾಣುವ ಒಂದು ಗುರುತನ್ನು ಆರಿಸಿ, ಕತ್ತರಿಸಿ, ಗ್ರೇಸ್ಕೇಲ್‌ಗೆ ತಂದು, ಕಪ್ಪು ಬಿಳುಪಿನ ಪ್ರಮಾಣ ತಿದ್ದುವ ಲೆವೆಲ್ಸ್‌ನಲ್ಲಿ ಕಾಗದದ ಭಾಗವನ್ನು ಪೂರ್ತಿ ಬಿಳಿ ಮಾಡಬೇಕು. ಈ ಬಿಳಿ ಮುಖ್ಯ. ಕ್ರಿಟಾದಲ್ಲಿ ಕಪ್ಪು ಇರುವ ಕಡೆ ಬಣ್ಣ ಬೀಳುತ್ತದೆ, ಬಿಳಿ ಇರುವ ಕಡೆ ಬೀಳುವುದಿಲ್ಲ. ಕಾಗದದ ಬೂದು ಸ್ವಲ್ಪ ಉಳಿದರೂ ಪ್ರತಿ ಗೀಟಿನ ಅಕ್ಕಪಕ್ಕ ಮಬ್ಬು ಪಟ್ಟಿ ಬರುತ್ತದೆ. ಆಮೇಲೆ ಕಾಪಿ ಮಾಡಿ, ಎಫ್5 ಒತ್ತಿ ಬ್ರಷ್ ಎಡಿಟರ್ ತೆರೆದು, ಬ್ರಷ್ ಟಿಪ್ ಭಾಗದಲ್ಲಿ ಕ್ಲಿಪ್‌ಬೋರ್ಡ್ ಬಟನ್‌ನಿಂದ ಅದನ್ನೇ ತುದಿಯಾಗಿ ಸೇರಿಸಿದರೆ ಆಯಿತು.

ಈಗ ಬೆರಳು ಉರುಳುವ ಕೆಲಸ. ಅದೇ ಎಡಿಟರ್‌ನಲ್ಲಿ ರೊಟೇಷನ್ ಆನ್ ಮಾಡಿ, ಸೆನ್ಸರ್‌ಗಳಲ್ಲಿ ಡ್ರಾಯಿಂಗ್ ಆಂಗಲ್ ಒಂದನ್ನೇ ಆರಿಸಿ. ಆಗ ಗೀಟು ಯಾವ ಕಡೆ ಹೋಗುತ್ತದೋ ತುದಿಯೂ ಆ ಕಡೆ ತಿರುಗುತ್ತದೆ. ತುದಿ ಗೀಟಿಗೆ ಅಡ್ಡವಾಗಿ ನಿಲ್ಲಬೇಕು, ಗೀಟಿನ ಉದ್ದಕ್ಕೆ ಮಲಗಬಾರದು. ಮಲಗಿದ್ದರೆ ಆಂಗಲ್ ಆಫ್‌ಸೆಟ್‌ನಲ್ಲಿ 90 ಡಿಗ್ರಿ ಕೊಡಿ. ಇದರಿಂದ ದಪ್ಪ ಒಂದೇ ಸಮ ಬರುವುದರ ಜೊತೆಗೆ ಇನ್ನೊಂದು ಲಾಭ ಇದೆ. ಒಣ ಬ್ರಷ್ಷಿನ ಕೂದಲ ಗೆರೆಗಳು ಸುತ್ತಿನ ಜೊತೆಗೇ ಸುತ್ತುತ್ತವೆ. ಕೋನ ಬದಲಾಗದ ಬ್ರಷ್‌ನಲ್ಲಿ ಆ ಗೆರೆಗಳು ತಿರುವಿನಲ್ಲಿ ಒಂದರ ಮೇಲೊಂದು ಬಿದ್ದು ಮುಚ್ಚಿಹೋಗುತ್ತವೆ. ಕೈಬರಹ ಅನಿಸುವುದು, ಅನಿಸದೇ ಇರುವುದು ಇಲ್ಲೇ ನಿಂತಿದೆ ಅಂತ ನನ್ನ ನಂಬಿಕೆ.

ಚೂಪಾದ ತಿರುವಲ್ಲಿ ತುದಿ ಒಮ್ಮೆಲೇ ತಿರುಗಿ ಮೂಲೆಯಲ್ಲಿ ಸೀಳು ಬರುತ್ತದೆ. ಅದಕ್ಕೆ ಫ್ಯಾನ್ ಕಾರ್ನರ್ಸ್ ಎಂಬ ಆಯ್ಕೆ ಇದೆ, ಆನ್ ಮಾಡಿ. ಸ್ಪೇಸಿಂಗ್, ಅಂದರೆ ತುದಿಯ ಒಂದು ಗುರುತಿಗೂ ಇನ್ನೊಂದಕ್ಕೂ ನಡುವಿನ ಅಂತರ, ತೀರಾ ಕಡಿಮೆ ಇಡಿ, ಇಲ್ಲವಾದರೆ ಗೀಟು ಗರಗಸದ ಅಂಚಿನ ಹಾಗೆ ಕಾಣುತ್ತದೆ. ಬಣ್ಣ ಎಷ್ಟು ಗಾಢ ಎಂಬ ಒಪಾಸಿಟಿಗೆ ಪ್ರೆಷರ್ (ಪೆನ್ ಒತ್ತುವ ಬಲ) ಸೇರಿಸಬೇಡಿ. ಬೋರ್ಡ್ ಬರೆಯುವ ಎನಾಮೆಲ್ ಪೇಂಟ್ ಬಿದ್ದರೆ ಪೂರ್ತಿ ಬೀಳುತ್ತದೆ, ಅರ್ಧ ಬೀಳುವುದಿಲ್ಲ. ಸೈಜ್‌ಗೆ ಮಾತ್ರ ಪ್ರೆಷರ್ ಕೊಟ್ಟೆ, ಅದೂ ಹಗುರವಾಗಿ ಒತ್ತಿದರೂ ಅರ್ಧಕ್ಕಿಂತ ಸಣ್ಣಗಾಗದ ಹಾಗೆ.

ಗೀಟಿನಲ್ಲಿ ಗೋಡೆಯ ಒರಟು ಕಾಣಲಿ ಅಂತ, ಟೆಕ್ಸ್ಚರ್‌ಗೆ ಸುಣ್ಣ ಬಳಿದ ಗೋಡೆಯ ಫೋಟೋ ತೆಗೆದೆ. ಕ್ರಿಟಾದಲ್ಲಿ ಡಬ್ಲ್ಯೂ ಒತ್ತಿದರೆ ಚಿತ್ರ ನಾಲ್ಕೂ ಕಡೆ ತಾನೇ ಮುಂದುವರಿದಂತೆ ಕಾಣುತ್ತದೆ. ಹಾಗಿಟ್ಟುಕೊಂಡು ಜೋಡಣೆಯ ಗೆರೆಗಳನ್ನು ತಿದ್ದಿ, ಪ್ಯಾಟರ್ನ್ ಮಾಡಿ ಸೇರಿಸಿದೆ.

ಇನ್ನು ಅಕ್ಷರ. 'ದ್ರಾಕ್ಷಿ' ನೋಡಲು ಎರಡೇ ಅಕ್ಷರ, ಆದರೆ ಎರಡಕ್ಕೂ ಒತ್ತು. ದಕ್ಕೆ ರ ಒತ್ತು, ಕಕ್ಕೆ ಷ ಒತ್ತು, ಮೇಲೆ ಗುಡಿಸು, ನಡುವೆ ದೀರ್ಘ. ನಮ್ಮ ಕಡೆಯ ಮೂರು ಜಿಲ್ಲೆಗಳ ಹೆಸರನ್ನೇ ಬರೆದು ನೋಡಿ. 'ಕೋಲಾರ'ದಲ್ಲಿ ಒತ್ತಿಲ್ಲ, ಕೆಳಗಿನ ಗೆರೆ ಪೂರ್ತಿ ಸಮ. 'ತುಮಕೂರು' ಬರೆದರೆ ಮೂರು ಅಕ್ಷರಗಳ ಬಲಕ್ಕೆ ಕೊಂಬು, ಹಾಗಾಗಿ ಅಗಲ ಜಾಸ್ತಿ ಬೇಡುತ್ತದೆ. 'ಚಿಕ್ಕಬಳ್ಳಾಪುರ'ಕ್ಕೆ ಎರಡು ಕಡೆ ಒತ್ತು ಕೆಳಗಿಳಿಯುತ್ತದೆ. ಜೊತೆಗೆ 'ಬ'ಕ್ಕೆ ತಲೆಕಟ್ಟಿಲ್ಲ, ಮೇಲಿನ ಸಾಲು ಅಲ್ಲಿ ಖಾಲಿ ಬಿಡುತ್ತದೆ. ಒಂದೊಂದು ಹೆಸರಿಗೂ ಜಾಗದ ಲೆಕ್ಕ ಬೇರೆ.

ಹಾಗಾಗಿ ನಾನು ಒತ್ತಿನಿಂದಲೇ ಶುರು ಮಾಡುತ್ತೇನೆ. ಗುಡಿಸಿನ ಮೇಲ್ತುದಿಗೆ ಒಂದು ಗೆರೆ, ತಲೆಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತಿನ ಬುಡಕ್ಕೆ ಒಂದು. ದ್ರಾಕ್ಷಿಯಲ್ಲಿ ರ ಒತ್ತಿನ ಬಾಲವನ್ನು ದೀರ್ಘದ ಕೆಳಗಿಂದ ಎಳೆದು ಷ ಒತ್ತಿನ ಹತ್ತಿರದವರೆಗೆ ತಂದೆ. ಎರಡು ಒತ್ತುಗಳ ನಡುವೆ ಖಾಲಿ ಇದ್ದ ಜಾಗ ಅದರಿಂದ ತುಂಬಿತು, ಪದ ಒಂದೇ ಉಂಡೆಯಾಗಿ ನಿಂತಿತು. ಒತ್ತನ್ನು ದೊಡ್ಡದಾಗಿ ಬರೆದು ಆಮೇಲೆ ಕುಗ್ಗಿಸಬೇಡಿ. ಕುಗ್ಗಿಸಿದರೆ ಗೀಟೂ ಸಣ್ಣಗಾಗಿ, ಒತ್ತು ಬೇರೆಯವರು ಬರೆದಂತೆ ಕಾಣುತ್ತದೆ. ಬ್ರಷ್ ಸೈಜ್ ಅಷ್ಟೇ ಇಟ್ಟು ಅಕ್ಷರವನ್ನು ಮಾತ್ರ ಚಿಕ್ಕದಾಗಿ ಬರೆಯಬೇಕು. ಜಾಗ ಸಾಲದಿದ್ದರೆ ಒತ್ತಿನ ಸುಳಿ ಸ್ವಲ್ಪ ಬಿಚ್ಚಿ.

ತಲೆಕಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ, ಅದರಲ್ಲೂ ಬಾಗೇಪಲ್ಲಿ, ಗೌರಿಬಿದನೂರು ಕಡೆ ಕನ್ನಡ ತೆಲುಗು ಎರಡೂ ಕಣ್ಣಿಗೆ ಬೀಳುತ್ತವೆ. ಎರಡರ ಎಷ್ಟೋ ಅಕ್ಷರಗಳ ಮೈ ಹೆಚ್ಚುಕಡಿಮೆ ಒಂದೇ. ತೆಲುಗಿನ ತಲೆಕಟ್ಟು ಸರಿ ಗುರುತಿನ ಹಾಗೆ ಮೇಲಕ್ಕೆ ಹಾರುತ್ತದೆ. ಕನ್ನಡದ್ದು ಅಡ್ಡ ಎಳೆದು ಬಲತುದಿಯಲ್ಲಿ ಕೊಕ್ಕೆಯಾಗುತ್ತದೆ. ಬ್ರಷ್‌ನಲ್ಲಿ ವೇಗವಾಗಿ ಬರೆದರೆ ಆ ಕೊಕ್ಕೆ ಸವೆದು ತೆಲುಗಿನದಾಗಿಬಿಡುತ್ತದೆ. ಅದಕ್ಕೇ ತಲೆಕಟ್ಟನ್ನು ಪೆನ್ ಎತ್ತಿ ಬೇರೆಯಾಗಿ, ನಿಧಾನಕ್ಕೆ ಬರೆಯುತ್ತೇನೆ. ಒಂದನ್ನೇ ಕಾಪಿ ಮಾಡಿ ಎಲ್ಲ ಅಕ್ಷರಕ್ಕೂ ಅಂಟಿಸುವುದಿಲ್ಲ. ಹಾಗೆ ಅಂಟಿಸಿದರೆ ಅದು ಫಾಂಟ್ ಆಯಿತು.

ಕೈ ನಡುಕ ತಿದ್ದುವ ಸ್ಟೆಬಿಲೈಸರ್ ಇದ್ದರೆ ಸುತ್ತು ನುಣುಪಾಗಿ ಬರುತ್ತದೆ, ಆದರೆ ಜಾಸ್ತಿ ಇಟ್ಟರೆ ಅಕ್ಷರಕ್ಕೆ ಜೀವ ಇರುವುದಿಲ್ಲ. ನಾನು ಸ್ವಲ್ಪವೇ ಇಡುತ್ತೇನೆ. ಆಗಾಗ ಎಂ ಒತ್ತಿ ಕ್ಯಾನ್ವಾಸ್ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೋಡುತ್ತೇನೆ. ಭಾರ ಯಾವ ಕಡೆ ವಾಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಮುದ್ರಣಕ್ಕೆ ಹೋಗುವಾಗ ಇನ್ನೊಂದು ಬ್ರಷ್ ಬೇಕಾಯಿತು. ರಟ್ಟಿನ ಬಾಕ್ಸ್ ಮೇಲೆ ಶಾಯಿ ಹರಡುತ್ತದೆ. ಫ್ಲೆಕ್ಸ್‌ಗೆ ಚಂದ ಕಾಣುವ ಸಣ್ಣ ಕೂದಲ ಗೆರೆಗಳು ಅಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೆ ಅದೇ ತುದಿಯಲ್ಲಿ ಕೂದಲ ನಡುವಿನ ಬಿಳಿಯನ್ನು ಅಗಲ ಮಾಡಿ, ಟೆಕ್ಸ್ಚರ್ ತೆಗೆದು 'ಬಾಕ್ಸ್' ಅಂತ ಬೇರೆ ಪ್ರಿಸೆಟ್ (ಸೆಟ್ಟಿಂಗ್‌ಗಳ ಸಮೇತ ಉಳಿಸಿಟ್ಟ ಬ್ರಷ್) ಉಳಿಸಿದೆ. ಬಾಕ್ಸ್ ಮೇಲೆ ಅಕ್ಷರದ ಅಗಲ 8 ಇಂಚು. 300 ಡಿಪಿಐ ಲೆಕ್ಕದಲ್ಲಿ 2400 ಪಿಕ್ಸೆಲ್. ಬರೆದ ಮೇಲೆ ಇಂಕ್‌ಸ್ಕೇಪ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಮಾಡಿ, ಅಂದರೆ ಪಿಕ್ಸೆಲ್ ಚಿತ್ರವನ್ನು ಗೆರೆಗಳ ಚಿತ್ರವಾಗಿ ಬದಲಿಸಿ, ಸ್ಪೆಕಲ್ಸ್ ಆಯ್ಕೆಯಲ್ಲಿ ಸಣ್ಣ ಚುಕ್ಕೆಗಳನ್ನು ತೆಗೆದೆ. ಆಮೇಲೆ ನಿಜವಾದ ಅಳತೆಗೆ ಪ್ರಿಂಟ್ ತೆಗೆದು ಹಳೆ ಬಾಕ್ಸ್‌ಗೆ ಅಂಟಿಸಿ, ರಸ್ತೆಯ ಆ ಬದಿಯಿಂದ ನೋಡಿದೆವು. ಷ ಒತ್ತಿನ ಹೊಟ್ಟೆ ಇನ್ನಷ್ಟು ತೆರೆಯಬೇಕಿತ್ತು, ತೆರೆದೆ. ವಿಳಾಸ, ತೂಕದಂಥ ಸಣ್ಣ ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಹಾಕಿದೆ. ಅಲ್ಲಿ ಬ್ರಷ್ ಅಕ್ಷರ ಓದಲು ಕಷ್ಟ.

ಬ್ರಷ್ ಬೇರೆಯವರಿಗೆ ಕೊಡುವಾಗ ಕ್ರಿಟಾದಲ್ಲಿ ಬಂಡಲ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಫೈಲ್ ಆಗಿ ಕಟ್ಟಿ ಕೊಡಿ. ಪ್ರಿಸೆಟ್ ಜೊತೆ ತುದಿ ಮತ್ತು ಪ್ಯಾಟರ್ನ್ ಎರಡೂ ಸೇರಿವೆಯಾ ಅಂತ ನೋಡಿಕೊಳ್ಳಿ. ಐಪ್ಯಾಡ್‌ನಲ್ಲಿ ಪ್ರೊಕ್ರಿಯೇಟ್ ಬಳಸುವ ಗೆಳತಿಗೆ ತುದಿಯ ಚಿತ್ರವನ್ನೇ ಕಳಿಸಿದೆ. ಅಲ್ಲಿ ಲೆಕ್ಕ ಉಲ್ಟಾ, ಬಿಳಿ ಇರುವ ಕಡೆ ಬಣ್ಣ ಬೀಳುತ್ತದೆ. ಚಿತ್ರವನ್ನು ಇನ್ವರ್ಟ್ ಮಾಡಿ ಶೇಪ್ ಸೋರ್ಸ್‌ಗೆ ಹಾಕಿ, ತುದಿ ಗೀಟಿನ ಜೊತೆ ತಿರುಗುವಂತೆ ರೊಟೇಷನ್ ಸರಿ ಮಾಡಿಕೊಂಡರೆ ಅಲ್ಲೂ ಇದೇ ಗೀಟು ಬರುತ್ತದೆ. ಅವಳು ಈಗ ಶಿಡ್ಲಘಟ್ಟದ ಒಂದು ರೇಷ್ಮೆ ಅಂಗಡಿಯ ಬೋರ್ಡನ್ನು ಅದರಲ್ಲೇ ಬರೆಯುತ್ತಿದ್ದಾಳೆ.