ಮೃತ್ಯುಪತ್ರದಲ್ಲಿ ದತ್ತಿ ಬರೆಯುವುದು ಹೇಗೆ: ಸಂಗೀತ, ಸಾಹಿತ್ಯ, ಕಲ್ಲು, ಓಲೆಗಳಿಗಾಗಿ

ಲಕ್ಕುಂಡಿ, ಗದಗ, ಅಣ್ಣಿಗೇರಿ ಕಡೆಯ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟು ಗೊತ್ತು. ಯಾರು ಕೊಟ್ಟರು, ಯಾರ ಕೈಗೆ ಕೊಟ್ಟರು, ಎಷ್ಟು ಮತ್ತರು ಭೂಮಿ, ಅದರ ಎಲ್ಲೆ ಯಾವುದು, ಉತ್ಪನ್ನ ಯಾವುದಕ್ಕೆ ಸಲ್ಲಬೇಕು. ಆ ಕೊನೆಯ ಬಾಬತ್ತಿನಲ್ಲಿ ಪೂಜೆ, ಅನ್ನದಾನ, ವಿದ್ಯಾದಾನಗಳ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಂದರೆ ಒಡೆದದ್ದು, ಬಿರುಕು ಬಿಟ್ಟದ್ದು ರಿಪೇರಿಗೆ. ಈಗಿನ ಮೃತ್ಯುಪತ್ರಗಳಲ್ಲಿ ಬಿಟ್ಟುಹೋಗುವುದು ಹೆಚ್ಚಾಗಿ ಇದೇ ಬಾಬತ್ತು. ಪುಸ್ತಕ ಕೊಡುತ್ತಾರೆ, ಕಪಾಟಿಗೆ ದುಡ್ಡಿಡುವುದಿಲ್ಲ. ವಾಡೆ ಕೊಡುತ್ತಾರೆ, ಮಳೆಗಾಲಕ್ಕೆ ಸೋರುವ ಮೇಲ್ಮುದ್ದೆಗೆ ಏನೂ ಇಡುವುದಿಲ್ಲ. ಕೊಟ್ಟದ್ದನ್ನು ತೆಗೆದುಕೊಳ್ಳುವವರು ನಡೆಸಿಕೊಂಡು ಹೋಗಬಲ್ಲರೇ ಎಂಬುದೊಂದನ್ನು ಮೊದಲೇ ವಿಚಾರಿಸಿದರೆ ಮುಂದಿನ ಅರ್ಧ ತಾಪತ್ರಯ ತಪ್ಪುತ್ತದೆ.

ತೆಗೆದುಕೊಳ್ಳುವವರು ಯಾರು?

ಮೃತ್ಯುಪತ್ರಕ್ಕೆ ಕೈಹಾಕುವ ಮೊದಲು ಸಂಸ್ಥೆಗೆ ಹೋಗಿ ಮಾತಾಡಿ. 'ಧರ್ಮಕಾರ್ಯಕ್ಕೆ', 'ಕನ್ನಡದ ಕೆಲಸಕ್ಕೆ', 'ಯಾವುದಾದರೂ ಒಳ್ಳೆಯ ಸಂಸ್ಥೆಗೆ' ಎಂದು ಬರೆದರೆ ಆ ಕಲಮು ಬಿದ್ದುಹೋಗುವ ಅಪಾಯವಿದೆ. 'ಧರ್ಮಕ್ಕೆ' ಎಂದಷ್ಟೇ ಬರೆದ ದಾನ ಅಸ್ಪಷ್ಟ, ಆದ್ದರಿಂದ ಊರ್ಜಿತವಲ್ಲ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1899ರಲ್ಲೇ ಹೇಳಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 89ನೇ ಕಲಮು ಕೂಡ ಅಸ್ಪಷ್ಟ ಬರಹವನ್ನು ಅನೂರ್ಜಿತ ಎನ್ನುತ್ತದೆ. ಹಾಗೆ ಬಿದ್ದ ಹಣ ಮನೆಯವರಿಗೆ ಹೋಗುತ್ತದೆ, ನೀವು ಅಂದುಕೊಂಡ ಕೆಲಸಕ್ಕಲ್ಲ.

ಸಂಸ್ಥೆಯ ಹೆಸರನ್ನು ಬೋರ್ಡು ನೋಡಿ ಬರೆದುಕೊಳ್ಳಬೇಡಿ. ನಮ್ಮಲ್ಲಿ ಒಂದೇ ಮಠ, ಒಂದೇ ಸಂಘದ ಹೆಸರಲ್ಲಿ ಶಾಲೆ, ಟ್ರಸ್ಟು, ಪ್ರತಿಷ್ಠಾನ ಎಂದು ಮೂರು ನಾಲ್ಕು ಬೇರೆ ಬೇರೆ ನೋಂದಣಿ ಇರುವುದುಂಟು. ನೋಂದಣಿ ಪತ್ರದ ಝೆರಾಕ್ಸ್ ಕೇಳಿ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಖ್ಯೆ, ಟ್ರಸ್ಟಾದರೆ ಟ್ರಸ್ಟ್ ಡೀಡಿನ ನೋಂದಣಿ ಸಂಖ್ಯೆ, ಎರಡಕ್ಕೂ ಪ್ಯಾನ್ ಬೇಕು. ಜಾಗ ಅಥವಾ ದೊಡ್ಡ ಸಂಗ್ರಹ ಕೊಡುವುದಾದರೆ ಸ್ವೀಕರಿಸಲು ಒಪ್ಪಿದ ಕಾರ್ಯಕಾರಿ ಸಮಿತಿಯ ಠರಾವಿನ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಿ. ಠರಾವು ಮುಂದಿನ ಸಮಿತಿಯನ್ನು ಪೂರ್ತಿ ಕಟ್ಟಿಹಾಕುವುದಿಲ್ಲ, ನಿಜ. ಆದರೆ 'ನಮಗೆ ಗೊತ್ತೇ ಇರಲಿಲ್ಲ' ಎಂಬ ಮಾತಿಗೆ ಅಷ್ಟರಮಟ್ಟಿಗೆ ಜಾಗ ಉಳಿಯುವುದಿಲ್ಲ.

ದತ್ತಿ ಎಂದರೆ ಧಾರವಾಡದವರಿಗೆ ಹೊಸದಾಗಿ ಹೇಳಬೇಕಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಹಸ್ತಪ್ರತಿಗಳಿದ್ದರೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯನ್ನೂ, ಜಾನಪದ ಸಾಮಗ್ರಿಯಿದ್ದರೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವನ್ನೂ ವಿಚಾರಿಸಬಹುದು. ಸಂಗೀತ ಕಲಿಯುವ ಮಕ್ಕಳಿಗೆ ಎಂದಿದ್ದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಉಪಯೋಗ ನೇರ, ಕಣ್ಣಿಗೆ ಕಾಣುವಂಥದ್ದು.

ಗುಡಿಗಳ ವಿಷಯ ಬೇರೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ, ಡಂಬಳದ ದೊಡ್ಡಬಸಪ್ಪ ಗುಡಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ನಿಮ್ಮ ಹಣದಿಂದ ಊರವರು ಒಂದು ಕಲ್ಲನ್ನೂ ಎತ್ತಿಡುವಂತಿಲ್ಲ. 'ಗುಡಿಯ ಜೀರ್ಣೋದ್ಧಾರ ಸಮಿತಿಗೆ' ಎಂದು ಬರೆದ ಹಣ ಖರ್ಚಾಗದೆ ಬ್ಯಾಂಕಿನಲ್ಲೇ ಕೂರಬಹುದು, ಅಥವಾ ಗುಡಿಯ ಮುಂದೆ ಟೈಲ್ಸ್ ಹಾಕಿದ ಮಂಟಪವಾಗಬಹುದು. ಎರಡನೆಯದೇ ಹೆಚ್ಚು ಕೇಡು. ಇಂಥ ಸ್ಮಾರಕಕ್ಕೆ ಕೊಡಬೇಕೆಂದರೆ 1996ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯದಡಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿ ಇದೆ, ಇಂಥ ಸ್ಮಾರಕಕ್ಕೇ ಎಂದು ಹೆಸರಿಸಿ ಕೊಡುವ ವ್ಯವಸ್ಥೆ ಅಲ್ಲುಂಟು. ಮುಜರಾಯಿ ಗುಡಿಯಾದರೆ ಮೊದಲು ಧಾರ್ಮಿಕ ದತ್ತಿ ಇಲಾಖೆಯ ತಹಶೀಲ್ದಾರರ ಬಳಿ ಆ ಗುಡಿಯ ಹಣ ಯಾವ ಖಾತೆಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ.

ನಿಮ್ಮದು ಯಾವುದು?

ಸ್ವಯಾರ್ಜಿತ ಆಸ್ತಿಯನ್ನು ಹಿಂದೂಗಳು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗೆ ಬರುವಷ್ಟು ಮಾತ್ರ. ವಾಟ್ನಿ, ಅಂದರೆ ಪಾಲು, ಆಗದ ಮನೆಯನ್ನು ಪೂರ್ತಿ ಸಂಘಕ್ಕೆ ಬರೆದರೆ, ಹೆಣ್ಣುಮಕ್ಕಳೂ ಸೇರಿ ಉಳಿದ ಪಾಲುದಾರರು ಕೋರ್ಟಿಗೆ ಹೋಗುತ್ತಾರೆ, ಗೆಲ್ಲುತ್ತಾರೆ ಕೂಡ. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಾರಸುದಾರರ ಒಪ್ಪಿಗೆಯಿಲ್ಲದೆ ವಸೀಯತ್ ಮಾಡಬಹುದು. ಕ್ರೈಸ್ತರು ಧರ್ಮಕಾರ್ಯಕ್ಕೆ ಬರೆಯುವುದಕ್ಕಿದ್ದ ಉತ್ತರಾಧಿಕಾರ ಕಾಯ್ದೆಯ 118ನೇ ಕಲಮಿನ ಅಡ್ಡಿಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿದೆ, ಹಳೆಯ ಪುಸ್ತಕ ಓದಿ ಹೆದರಬೇಕಿಲ್ಲ.

ಹೊಲವನ್ನು ನೇರವಾಗಿ ಸಂಸ್ಥೆಗೆ ಬರೆಯುವುದು ನಮ್ಮ ದೃಷ್ಟಿಯಲ್ಲಿ ಜಾಣತನವಲ್ಲ. ಭೂ ಸುಧಾರಣೆ ಕಾಯ್ದೆಯ ಮಿತಿಗಳಿವೆ. ಉಳುವವನಿಗೆ ಬಂದ ಜಮೀನು, ಸರ್ಕಾರ ಮಂಜೂರು ಮಾಡಿದ ಜಮೀನುಗಳಿಗೆ ಪರಭಾರೆಯ ಶರತ್ತುಗಳಿವೆ. ಮೇಲಾಗಿ ಸಾಹಿತ್ಯ ಸಂಘವೊಂದು ಹತ್ತಿ ಬಿತ್ತಿಸಿ ಲಾವಣಿ (ಗೇಣಿ) ವಸೂಲು ಮಾಡುವುದು ಆಗದ ಮಾತು. 'ಮಾರಿ, ಬಂದ ಹಣದಲ್ಲಿ ಇಷ್ಟು ಭಾಗ ಕೊಡತಕ್ಕದ್ದು' ಎಂದು ಬರೆಯಿರಿ. ಮನೆ, ಜಾಗಗಳಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಸಿ.ಟಿ.ಎಸ್. (ನಗರ ಸರ್ವೆ) ನಂಬರು, ಹೊಸ ಉತಾರ (ಹಕ್ಕುದಾಖಲೆಯ ನಕಲು), ಚಕಬಂದಿ (ನಾಲ್ಕೂ ದಿಕ್ಕಿನ ಎಲ್ಲೆ) ಮೂರನ್ನೂ ಹಾಕಿ. ಬರೀ ಓಣಿಯ ಹೆಸರು ಸಾಲದು.

ವಸ್ತುಗಳಿಗೆ ಬರೋಣ. 100 ವರ್ಷ ದಾಟಿದ ವಿಗ್ರಹ, ಚಿತ್ರ, ನಾಣ್ಯ, ಹಾಗೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ನೋಂದಣಿಯಾದ ವಸ್ತುವಿನ ಒಡೆತನ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಆದ್ದರಿಂದ ಮನೆಯ ತಾಡೋಲೆ ಕಟ್ಟನ್ನು ಅಮೆರಿಕದ ಮೊಮ್ಮಗನಿಗೆ ಬರೆದರೆ ಅದು ಇಲ್ಲೇ ಯಾರದೋ ಅಟ್ಟದ ಮೇಲೆ ಉಳಿಯುತ್ತದೆ. ಪಾಯ ತೆಗೆಯುವಾಗ ಸಿಕ್ಕ ನಿಧಿಯಂತೂ ಬರೆಯುವ ವಸ್ತುವೇ ಅಲ್ಲ, ಅದನ್ನು ಕೂಡಲೇ ಜಿಲ್ಲಾಡಳಿತಕ್ಕೆ ತಿಳಿಸುವುದು ಕಾನೂನು.

ಬರೆಯುವವರ ಮನೆಯಾಗಿದ್ದರೆ ಇನ್ನೊಂದು ಸಂಗತಿ. ಕೃತಿಸ್ವಾಮ್ಯ ಲೇಖಕರು ತೀರಿದ ನಂತರ 60 ವರ್ಷ ಬಾಳುತ್ತದೆ, ಅದನ್ನೂ ಮೃತ್ಯುಪತ್ರದಲ್ಲಿ ಕೊಡಬಹುದು. ಅಪ್ರಕಟಿತ ಹಸ್ತಪ್ರತಿಯನ್ನು ಹೀಗೆ ಕೊಟ್ಟಾಗ, ಬೇರೆ ಮಾತು ಬರೆಯದಿದ್ದರೆ, ಅದರ ಕೃತಿಸ್ವಾಮ್ಯವೂ ಜೊತೆಗೇ ಹೋಗುತ್ತದೆ. ಕಾಗದ ವಿಶ್ವವಿದ್ಯಾಲಯಕ್ಕೆ, ಹಕ್ಕು ಮಗಳಿಗೆ ಎಂಬ ಇಚ್ಛೆಯಿದ್ದರೆ ಅದನ್ನು ಬಿಡಿಸಿ ಬರೆಯಬೇಕು. ಪ್ರಕಟವಾದ ಪುಸ್ತಕಗಳ ಹಕ್ಕು ಪ್ರಕಾಶಕರಿಗೆ ಹೋಗಿದೆಯೇ ಎಂದು ಹಳೆಯ ಕರಾರು ತೆಗೆದು ನೋಡಿ.

ಪುಸ್ತಕ ಸಂಗ್ರಹಕ್ಕೆ ಪಟ್ಟಿ ಇಲ್ಲದಿದ್ದರೆ ಗ್ರಂಥಾಲಯಗಳು ಹಿಂಜರಿಯುತ್ತವೆ. ಎರಡು ಸಾವಿರ ಪುಸ್ತಕದಲ್ಲಿ ಅವರ ಬಳಿ ಇಲ್ಲದ್ದು ಮುನ್ನೂರು ಇರಬಹುದು. 'ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬೇರೆ ಗ್ರಂಥಾಲಯಕ್ಕೆ ಕೊಡಲು ಅವಕಾಶವಿದೆ' ಎಂಬ ಒಂದು ಸಾಲು ಸೇರಿಸಿ. ಮನೆಯನ್ನೇ ಸ್ಮಾರಕ ಮಾಡುವ ಆಸೆಯಿದ್ದರೆ ಧಾರವಾಡದಲ್ಲಿ ಸಾಧನಕೇರಿಯ ಬೇಂದ್ರೆ ಭವನ, ಮಲ್ಲಿಕಾರ್ಜುನ ಮನ್ಸೂರರ 'ಮೃತ್ಯುಂಜಯ' ಎರಡಕ್ಕೂ ಹೋಗಿಬನ್ನಿ. ಅವುಗಳ ಬೆನ್ನಿಗೆ ಒಂದೊಂದು ಸ್ಮಾರಕ ಟ್ರಸ್ಟ್ ಇದೆ. ಕಸಗುಡಿಸುವವರ ಪಗಾರ, ಕರೆಂಟ್ ಬಿಲ್ಲು, ಪಾಲಿಕೆಯ ತೆರಿಗೆ ಇವಿಷ್ಟಕ್ಕೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ನಿಮ್ಮ ಮನೆಗೂ ಲೆಕ್ಕ ಹಾಕಿ; ಅಷ್ಟು ಬಡ್ಡಿ ಹುಟ್ಟುವ ಇಡುಗಂಟು ಇಡಲಾಗದಿದ್ದರೆ ಮನೆ ಮಾರಿ ಹಣ ಕೊಡುವುದೇ ಮೇಲು.

ಇಡುಗಂಟಿನ ಲೆಕ್ಕ

₹5 ಲಕ್ಷದ ದತ್ತಿ ಇಟ್ಟಿರಿ ಎನ್ನೋಣ. ಶೇ. 6.5ರಂತೆ ವರ್ಷಕ್ಕೆ ₹32,500 ಬಡ್ಡಿ. ಇವತ್ತು ಅದರಲ್ಲಿ ಒಂದು ಉಪನ್ಯಾಸ, ಆಮಂತ್ರಣ ಪತ್ರಿಕೆ, ಗೌರವಧನ, ಚಹಾ ಎಲ್ಲ ಹಿಡಿಯುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5 ಏರಿದರೆ, 20 ವರ್ಷದ ನಂತರ ಅದೇ ₹32,500ಕ್ಕೆ ಇಂದಿನ ಸುಮಾರು ₹12,250ರ ಬೆಲೆ. ಕಾರ್ಯಕ್ರಮ ಎರಡು ವರ್ಷಕ್ಕೊಮ್ಮೆ ಆಗುತ್ತದೆ, ಆಮೇಲೆ ಬೇರೆ ನಾಲ್ಕು ದತ್ತಿಗಳ ಜೊತೆ ಒಂದೇ ಮಧ್ಯಾಹ್ನ ಮುಗಿಯುತ್ತದೆ. ಯಾರ ತಪ್ಪೂ ಅಲ್ಲ, ಲೆಕ್ಕವೇ ಹಾಗಿದೆ.

ಎರಡು ಉಪಾಯಗಳಿವೆ. ಬಡ್ಡಿಯ ಶೇ. 15ನ್ನು ಪ್ರತಿವರ್ಷ ಅಸಲಿಗೇ ಸೇರಿಸಬೇಕು ಎಂದು ಬರೆಯಿರಿ. ಆಗ 20 ವರ್ಷದಲ್ಲಿ ₹5 ಲಕ್ಷ ಸುಮಾರು ₹6.07 ಲಕ್ಷ ಆಗುತ್ತದೆ. ಬೆಲೆ ಏರಿಕೆಯನ್ನು ಇದು ಪೂರ್ತಿ ಮುಚ್ಚುವುದಿಲ್ಲ, ಸವೆತವನ್ನು ತಡಮಾಡುತ್ತದೆ ಅಷ್ಟೆ. ಶೇ. 15 ಎಂಬ ಸಂಖ್ಯೆ ಸುಮ್ಮನೆ ಆರಿಸಿದ್ದಲ್ಲ: ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ತಮ್ಮ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಉಳಿದ 15ನ್ನು ತೊಡಕಿಲ್ಲದೆ ಇಟ್ಟುಕೊಳ್ಳಬಹುದು. ಎರಡನೆಯ ಉಪಾಯ, ಬಹುಮಾನದ ಮೊತ್ತವನ್ನು ರೂಪಾಯಿಯಲ್ಲಿ ಕಟ್ಟಿಹಾಕದಿರುವುದು. 'ಪ್ರತಿವರ್ಷ ₹10,000 ಬಹುಮಾನ' ಎನ್ನುವ ಬದಲು 'ಬಡ್ಡಿಯ ಅರ್ಧಭಾಗ' ಎನ್ನಿ. ಶರತ್ತುಗಳು ಕಡಿಮೆಯಿರಲಿ. ಇಂಥ ತಾಲೂಕಿನ, ಇಂಥ ಮನೆತನದ, ಇಷ್ಟು ಅಂಕ ಪಡೆದ ವಿದ್ಯಾರ್ಥಿಗೆ ಎಂದು ಸುತ್ತ ಬೇಲಿ ಹಾಕಿದರೆ ಅರ್ಹರು ಸಿಗದೆ ದತ್ತಿ ಮಲಗುತ್ತದೆ.

ತೆರಿಗೆ ಉಳಿಸುವುದಕ್ಕಾಗಿ ಈ ದಾರಿ ಹಿಡಿಯಬೇಡಿ. ನಮ್ಮ ದೇಶದಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲೇ ಹೋಯಿತು. ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಬದುಕಿದ್ದಾಗ ಕೊಟ್ಟದ್ದಕ್ಕೆ ಮಾತ್ರ. ಸಾಧ್ಯವಿದ್ದರೆ ಒಂದು ಭಾಗ ಈಗಲೇ ಕೊಟ್ಟು, ಸಂಸ್ಥೆ ಹೇಗೆ ನಡೆಸುತ್ತದೆ ಎಂದು ಎರಡು ವರ್ಷ ನೋಡಿ, ಉಳಿದದ್ದನ್ನು ಮೃತ್ಯುಪತ್ರದಲ್ಲಿ ಬರೆಯುವುದು ಎಲ್ಲಕ್ಕಿಂತ ಒಳ್ಳೆಯ ಪದ್ಧತಿ.

ಕಲಮು ಬರೆಯುವ ರೀತಿ

ನಿರ್ದಿಷ್ಟ ವಸ್ತು ಹೆಸರಿಸಿ ಕೊಟ್ಟು, ಆಮೇಲೆ ಅದನ್ನು ನೀವೇ ಮಾರಿದರೆ ದಾನವೂ ಹೋದಂತೆ. ಹೆಚ್ಚಾಗಿ ಎಡವುವುದು ಎಫ್‌ಡಿಯಲ್ಲಿ. ಬ್ಯಾಂಕು, ಶಾಖೆ, ಎಫ್‌ಡಿ ನಂಬರು ಎಲ್ಲ ಬರೆದಿರುತ್ತಾರೆ. ಮುಂದೆ ಬ್ಯಾಂಕು ಬದಲಾಯಿಸುತ್ತಾರೆ, ನಂಬರು ಬದಲಾಗುತ್ತದೆ, ವಾರಸುದಾರರು ತಗಾದೆ ತೆಗೆಯುತ್ತಾರೆ. ನಾಮಿನಿಯ ಗೊಂದಲ ಇನ್ನೊಂದು: ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುತ್ತದೆ, ಆದರೆ ನಾಮಿನಿ ಅದರ ಒಡೆಯನಲ್ಲ. ನಾಮಿನಿಯಾಗುವವರಿಗೆ ದತ್ತಿಯ ವಿಷಯ ಮೊದಲೇ ಹೇಳಿಡಿ. ಶೇಕಡಾ ಲೆಕ್ಕದಲ್ಲಿ ಬರೆದರೆ ಈ ಕಷ್ಟಗಳು ಕಡಿಮೆ. ಮಾದರಿಗೆ:

"ನನ್ನ ಸಾಲ, ಔಷಧೋಪಚಾರ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ನನ್ನ ಸ್ವಯಾರ್ಜಿತ ಆಸ್ತಿಯ ನಿವ್ವಳ ಮೌಲ್ಯದ ಶೇ. 10ನ್ನು ......... (ಪೂರ್ಣ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ) ಈ ಸಂಸ್ಥೆಗೆ ಇಡುಗಂಟಾಗಿ ಕೊಡತಕ್ಕದ್ದು. ಅಸಲು ಮುಟ್ಟದೆ, ಬಡ್ಡಿಯನ್ನು ಹಿಂದೂಸ್ತಾನಿ ಗಾಯನ ಕಲಿಯುವ ವಿದ್ಯಾರ್ಥಿಗಳ ನೆರವಿಗೆ ಬಳಸತಕ್ಕದ್ದು. ಆ ಉದ್ದೇಶ ನಡೆಸಲಾಗದ ಕಾಲ ಬಂದರೆ ಅದಕ್ಕೆ ಅತಿ ಹತ್ತಿರದ ಬೇರೆ ಉದ್ದೇಶಕ್ಕೆ ಬಳಸಬಹುದು. ನಾನು ತೀರಿಕೊಂಡಾಗ ಸಂಸ್ಥೆ ಇರದಿದ್ದರೆ ಅಥವಾ ಸ್ವೀಕರಿಸದಿದ್ದರೆ ಈ ಭಾಗ ......... ಸಂಸ್ಥೆಗೆ ಸಲ್ಲತಕ್ಕದ್ದು."

'ಇಡುಗಂಟು' ಎಂಬ ಮಾತು ಬಿಡಬೇಡಿ, ಅದಿಲ್ಲದಿದ್ದರೆ ಸಂಸ್ಥೆ ಹಣವನ್ನು ಆ ವರ್ಷದ ಖರ್ಚಿಗೇ ಬಳಸಬಹುದು. ಕೊನೆಯ ಎರಡು ವಾಕ್ಯಗಳಿಲ್ಲದಿದ್ದರೆ ದಾರಿ ಕೋರ್ಟಿನ ಕಡೆಗೆ ಹೋಗುತ್ತದೆ.

ಸಹಿ, ಸಾಕ್ಷಿ, ನೋಂದಣಿ

ಬಿಳಿ ಕಾಗದ ಸಾಕು, ಸ್ಟಾಂಪ್ ಪೇಪರ್ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಎದುರಿಗೆ ಪ್ರತಿ ಪುಟಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಅವರೂ ನಿಮ್ಮ ಎದುರಿಗೇ ಸಹಿ ಮಾಡಲಿ. ಮುಂದೆ ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಅದಕ್ಕೇ ನಿಮ್ಮ ವಾರಗೆಯ ಗೆಳೆಯರಿಗಿಂತ ಇಪ್ಪತ್ತು ವರ್ಷ ಚಿಕ್ಕವರು ಒಳ್ಳೆಯದು. ಒಬ್ಬರು ವೈದ್ಯರಾದರೆ, ನಿಮ್ಮ ಬುದ್ಧಿ ಸ್ಥಿಮಿತದಲ್ಲಿತ್ತು ಎಂಬುದಕ್ಕೂ ಆಧಾರವಾಗುತ್ತದೆ.

ದತ್ತಿ ಪಡೆಯುವ ಸಂಸ್ಥೆಯ ಪದಾಧಿಕಾರಿಗಳು ಸಾಕ್ಷಿ ಹಾಕುವುದಾಗಲಿ, ಕರಡು ಬರೆದುಕೊಡುವುದಾಗಲಿ ಬೇಡ. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದರೆ ಆ ಸಂಶಯ ಪರಿಹರಿಸುವ ಹೊಣೆ ಅವರದೇ ಎಂದು, ಮೈಸೂರು ಕಡೆಯ ಮೊಕದ್ದಮೆಯೊಂದರಲ್ಲಿ, ಸುಪ್ರೀಂ ಕೋರ್ಟ್ 1959ರಲ್ಲಿ ಹೇಳಿದ್ದು ಇಂದಿಗೂ ನಡೆಯುತ್ತದೆ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಇಬ್ಬರು ಸಾಕ್ಷಿಗಳ ಜೊತೆ ಗುರುತಿನ ಚೀಟಿ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಹಾಸಿಗೆ ಹಿಡಿದವರಿದ್ದರೆ ಕಾರಣ ತಿಳಿಸಿ ಅಧಿಕಾರಿಯನ್ನು ಮನೆಗೇ ಕರೆಸಬಹುದು. ನೀವು ಬದುಕಿರುವತನಕ ಅದರ ನಕಲು ನಿಮಗೆ ಅಥವಾ ನಿಮ್ಮ ಮುಖ್ತಿಯಾರರಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಅಷ್ಟೂ ಗುಟ್ಟು ಬೇಕೆಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ರಿಜಿಸ್ಟ್ರಾರ್ ಬಳಿ ಇಡಬಹುದು. ಆಮೇಲೆ ಮನಸ್ಸು ಬದಲಾದರೆ ಹಳೆಯ ಪ್ರತಿಯ ಮೇಲೆ ಗೀಚಬೇಡಿ. ಸಹಿ-ಸಾಕ್ಷಿಯಿಲ್ಲದ ತಿದ್ದುಪಡಿಗೆ ಬೆಲೆಯಿಲ್ಲ. ಹಿಂದಿನದೆಲ್ಲ ರದ್ದು ಎಂದು ಬರೆದು ಹೊಸದು ಮಾಡಿ.

ಮೃತ್ಯುಪತ್ರ ಜಾರಿ ಮಾಡುವವರನ್ನು, ಅಂದರೆ ಎಕ್ಸಿಕ್ಯೂಟರನ್ನು, ಹೆಸರಿಸಿ, ಅವರಿಲ್ಲದಿದ್ದರೆ ಎಂದು ಇನ್ನೊಬ್ಬರನ್ನೂ ಬರೆಯಿರಿ. ಈ ಭಾಗದಲ್ಲಿ ಹಿಂದೂ ಮೃತ್ಯುಪತ್ರಕ್ಕೆ ಪ್ರೊಬೇಟ್ (ಮೃತ್ಯುಪತ್ರ ಸಾಚಾ ಎಂದು ಕೋರ್ಟು ಕೊಡುವ ಪ್ರಮಾಣಪತ್ರ) ಕಡ್ಡಾಯವಿಲ್ಲ, ಆದರೆ ವಾರಸುದಾರರು ತಕರಾರು ತೆಗೆದರೆ ಬ್ಯಾಂಕುಗಳು ಕೋರ್ಟಿನ ಆದೇಶ ಕೇಳುವುದುಂಟು. ಎಕ್ಸಿಕ್ಯೂಟರ್ ಕೈಗೆ ಮೂಲಪ್ರತಿ ಎಲ್ಲಿದೆ ಎಂಬ ಚೀಟಿ, ಠರಾವಿನ ಪ್ರತಿ, ಪುಸ್ತಕ ಮತ್ತು ವಸ್ತುಗಳ ಪಟ್ಟಿ ಕೊಟ್ಟಿಡಿ. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ, ಲಾಕರ್ ತೆರೆಸಲು ಮೃತ್ಯುಪತ್ರ ಬೇಕು, ಮೃತ್ಯುಪತ್ರ ಲಾಕರಿನಲ್ಲಿ. ಮನೆಯವರಿಗೆ ದತ್ತಿಯ ಸುದ್ದಿ ಮೊದಲ ಸಲ ತಿಥಿಯ ದಿನ ಗೊತ್ತಾಗುವಂತೆಯೂ ಮಾಡಬೇಡಿ. ಒಂದು ದಿನ ಊಟಕ್ಕೆ ಕೂತಾಗ ಎಲ್ಲರೆದುರು ಓದಿ ಹೇಳಿ.